ಚುಕ್ಕೆ ಗುರುತಿನ ಪ್ರಶ್ನೆಯೊಂದು ನಮ್ಮೂರಿಗೆ ಬಂದದ್ದು

ವಿಧಾನಸಭೆ ಅಧಿವೇಶನ ನಡೆಯೋದು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ. ಬೆವರು ಸುರಿಯೋದು ಮಾತ್ರ ನಮ್ಮ ಬಸ್ ಡಿಪೊದಲ್ಲಿ. ಯಾವ ಡಿಪೊ ಅಂತ ಕೇಳಬೇಡಿ, ಹೊಟ್ಟೆಪಾಡಿನ ವಿಷಯ. ನಾನು ಅಲ್ಲಿ ಗುಮಾಸ್ತೆ, ಮನೆ ಚಳ್ಳಕೆರೆಯಲ್ಲಿ. ಒಬ್ಬ ಶಾಸಕರು ಎದ್ದುನಿಂತು ಇಂಥ ಹಳ್ಳಿಗೆ ಬಸ್ ಯಾಕಿಲ್ಲ ಅಂತ ಸಚಿವರನ್ನು ಕೇಳಬೇಕು ಅಂತಿಟ್ಟುಕೊಳ್ಳಿ. ಸಚಿವರಿಗೆ ಆ ಹಳ್ಳಿ ಏನು ಕನಸಲ್ಲಿ ಬಂದಿರುತ್ತದೆಯೇ? ಪ್ರಶ್ನೆ ಕಚೇರಿಯಿಂದ ಕಚೇರಿಗೆ ಇಳಿದು ಇಳಿದು ನನ್ನ ಮೇಜಿಗೆ ಬಂದು ಕೂರುತ್ತದೆ. ಹಿಂದೆಯೇ ಫೋನು: ‘ಅರ್ಜೆಂಟು, ಅರ್ಜೆಂಟು!’ ನಾನು ಬರೆದದ್ದು ಅದೇ ಮೆಟ್ಟಿಲು ಹತ್ತಿ ಹೋಗಿ, ಸದನದಲ್ಲಿ ಸಚಿವರ ಬಾಯಿಂದ ಹೊರಡುತ್ತದೆ.

ಇಂಥ ಉತ್ತರ ಬರೆಯೋದರಲ್ಲಿ ನಾನು ಎತ್ತಿದ ಕೈ ಅಂತ ಹೆಸರು ಮಾಡಿದ್ದೆ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂದರೆ ‘ಬಂದಿದೆ’. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಅಂದರೆ ‘ಪರಿಶೀಲನೆಯಲ್ಲಿದೆ’. ಇನ್ನೂ ಕೆದಕಿದರೆ ‘ಪ್ರಶ್ನೆ ಉದ್ಭವಿಸುವುದಿಲ್ಲ’. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಉತ್ತರ ತಿದ್ದುವ ಧೈರ್ಯ ಯಾವ ಮ್ಯಾನೇಜರಿಗೂ ಇರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಬೆಳಗ್ಗೆ ಚುಕ್ಕೆ ಗುರುತಿನ ಪ್ರಶ್ನೆಯೊಂದು ಬಂತು. ಚುಕ್ಕೆ ಇದ್ದರೆ ಸಚಿವರು ಸದನದಲ್ಲಿ ಬಾಯಿಬಿಟ್ಟೇ ಉತ್ತರಿಸಬೇಕು. ಶಾಸಕರು ಅಲ್ಲೇ ಉಪಪ್ರಶ್ನೆ ಹಾಕಿ ಹಿಡಿದುಕೊಳ್ಳಬಹುದು. ಓದುತ್ತಾ ಹೋದೆ. ಹಳ್ಳಿಯ ಹೆಸರು ಕಂಡ ಕೂಡಲೇ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ನನ್ನ ತವರೂರು!

ನಮ್ಮೂರು ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಇಳಿದು, ಒಳಗೆ ಎರಡು ಮೈಲಿ. ಬಸ್ಸಿಲ್ಲ. ನಮ್ಮವ್ವ ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಾಳೆ. ವಾರಕ್ಕೆರಡು ಸಲ ಗಂಟು ಹೊತ್ತು ಆ ಎರಡು ಮೈಲಿ ನಡೆದು, ಮೇನ್ ರೋಡಿನಲ್ಲಿ ಬಸ್ ಹಿಡಿದು ಮೊಳಕಾಲ್ಮೂರಿಗೆ ಹೋಗಬೇಕು. ಈಚೆಗೆ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ದಾರಿಯಲ್ಲಿ ಎರಡು ಕಡೆ ಕೂತೆದ್ದು ಹೋಗುತ್ತಿದ್ದಳು. ಇನ್ನೊಂದು ಬೇಸಿಗೆ ಹೀಗೇ ನಡೆದರೆ ಆ ಕೆಲಸ ಬಿಡಬೇಕಾಗುತ್ತಿತ್ತು, ಕೆಲಸ ಬಿಟ್ಟರೆ ನಮ್ಮವ್ವ ನಮ್ಮವ್ವನಾಗಿ ಉಳಿಯುತ್ತಿರಲಿಲ್ಲ.

ಮ್ಯಾನೇಜರು ತಲೆ ಎತ್ತದೆ ಹೇಳಿದರು, “ಮೂರು ವರ್ಷದ ಹಿಂದೆ ಇದೇ ಊರಿನ ಪ್ರಶ್ನೆ ಬಂದಿತ್ತಲ್ಲ ಮೇಡಂ. ಆ ಉತ್ತರಾನೇ ಇಳಿಸಿಬಿಡ್ರಿ.”

ಹಳೇ ಫೈಲು ತೆಗೆದೆ. ‘ಸದರಿ ರಸ್ತೆಯು ಬಸ್ ಸಂಚಾರಕ್ಕೆ ಯೋಗ್ಯವಾಗಿರುವುದಿಲ್ಲ. ಗ್ರಾಮದ ಹುಣಸೆಮರದ ಬಳಿ ಶೇಂಗಾ ಬಳ್ಳಿಯ ಬಣವೆ ಇರುವುದರಿಂದ ಬಸ್ ತಿರುಗಿಸಲು ಸ್ಥಳಾವಕಾಶವಿರುವುದಿಲ್ಲ.’ ಕೆಳಗೆ ಪುಟ್ಟದಾಗಿ ಸಹಿ. ನನ್ನದೇ ಸಹಿ.

ಅಯ್ಯೋ ಶಿವನೇ! ನೆನಪಾಯಿತು. ಆ ದಿನ ಅರ್ಧ ಗಂಟೆ ಟೈಮು ಕೊಟ್ಟಿದ್ದರು. ಊರಿಗೆ ಹೋಗಿ ನೋಡುವವರು ಯಾರು? ಕುರ್ಚಿಯಲ್ಲೇ ಕಣ್ಣು ಮುಚ್ಚಿ ಊರನ್ನು ನೆನೆಸಿಕೊಂಡು, ಕಣ್ಣಿಗೆ ಕಂಡದ್ದನ್ನು ಬರೆದು, ಟೀ ಕುಡಿಯಲು ಹೋಗಿದ್ದೆ. ಆ ಬಣವೆ ನಮ್ಮದೇ. ಅಂದಿನಿಂದ ನಮ್ಮವ್ವ ನಡೆದದ್ದು ನಾನು ಬರೆದ ಎರಡು ಸಾಲಿನ ಮೇಲೆ. ಆಮೇಲೆ ರಸ್ತೆಗೆ ಡಾಂಬರು ಬಿದ್ದಿತು, ಆದರೆ ನನ್ನ ಉತ್ತರ ಮಾತ್ರ ಫೈಲಿನಲ್ಲಿ ಹಾಗೇ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಇಲ್ಲಿ ಮಾಡಿದವಳು ನಾನು, ಉಂಡವಳು ನಮ್ಮವ್ವ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಯಾದರೆ ನನಗೆ ಕೋಪ ಬರುತ್ತದೆ, ಕೋಪ ಬಂದರೆ ಎದುರಿಗಿದ್ದವರ ಗತಿ ಅಷ್ಟೇ.

“ಸಾರ್, ಇದು ಸುಳ್ಳು. ರಸ್ತೆ ಚೆನ್ನಾಗೈತೆ. ಬಸ್ಸೂ ತಿರುಗುತ್ತೆ.”

“ನೀವೇ ಬರೆದಿದ್ದಲ್ಲೇನ್ರಿ?”

“ಬರೆದಾಕಿ ನಾನೇ. ಅದಕ್ಕೇ ಸುಳ್ಳು ಅಂತ ನನಗೆ ಗೊತ್ತಿರೋದು!”

ಅವರು ನಕ್ಕರು. ಒಳ್ಳೆಯ ಮನುಷ್ಯ, ಸದನಕ್ಕೆ ತಪ್ಪು ಮಾಹಿತಿ ಹೋದರೆ ತಲೆ ಹೋಗುತ್ತದೆ ಅನ್ನುವ ಭಯವೂ ಇತ್ತು. “ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ವರ್ಕ್‌ಶಾಪಿನಿಂದ ಒಂದು ಬಸ್ ರಿಪೇರಿಯಾಗಿ ಟ್ರಯಲ್‌ಗೆ ಹೊರಟೈತೆ. ತಗಂಡು ಹೋಗಿ ತಿರುಗಿಸಿ ಬರ್ರಿ. ತಿರುಗಿದ್ರೆ ತಿರುಗ್ತು ಅಂತ ಬರೀರಿ. ಉತ್ತರ ನಾಳೆ ಹತ್ತಕ್ಕೆ ಹೋಗಬೇಕು.”

ನಮ್ಮ ಹಿರಿಯ ಡ್ರೈವರಣ್ಣ ಗಡಿ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ. ಖಾಲಿ ಬಸ್ಸಿನಲ್ಲಿ ನಾನೊಬ್ಬಳೇ ಮುಂದಿನ ಸೀಟಿನಲ್ಲಿ ಕೂತು, ಮದುವೆ ದಿಬ್ಬಣದ ಹಾಗೆ ಹೊರಟೆ. ಡಾಂಬರು ರಸ್ತೆಗೆ ತಿರುಗಿ ಎರಡು ಮೈಲಿ ಮುಗಿಸಿದ್ದೇ ಗೊತ್ತಾಗಲಿಲ್ಲ. ಊರ ಮುಂದೆ ನಿಂತೆವು. ಹುಣಸೆಮರದ ಕೆಳಗೆ ನಮ್ಮ ಬಣವೆ ಇತ್ತು, ಮೊದಲಿಗಿಂತ ದಪ್ಪಗಾಗಿ.

ಡ್ರೈವರಣ್ಣ ಇಳಿದು ಹೆಜ್ಜೆ ಹಾಕಿ ಅಳೆದರು. “ಕಷ್ಟಂ ಅಮ್ಮಾ. ಇದಿದ್ರೆ ತಿರಗಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಅಂತ ಹಿಂದಿನಿಂದ ದನಿ ಬಂತು. ನಮ್ಮವ್ವ! ಸೊಂಟಕ್ಕೆ ಸೆರಗು ಸಿಗಿಸಿ ನಿಂತಿದ್ದಳು. ಬಸ್ ಯಾಕೆ ಬಂತು ಅಂತ ಕೇಳಲಿಲ್ಲ. ಬಣವೆ ನೋಡಿ, ನನ್ನ ನೋಡಿ, ಊರಿಗೆಲ್ಲಾ ಕೇಳುವ ಹಾಗೆ ಕೂಗಿದಳು, “ಬರ್ರೇ ಎಲ್ಲಾರೂ! ಈ ಬಣವೆ ಬೆಂಗ್ಳೂರಿನವರ ಕಣ್ಣು ಚುಚ್ಚಾಕತ್ತೈತಂತೆ, ಎತ್ತಿ ಹಿತ್ಲಿಗೆ ಹಾಕಾನ!”

ಅಬ್ಬಬ್ಬಾ, ಆ ಮಧ್ಯಾಹ್ನ! ಊರ ಹೆಂಗಸರು, ಗಂಡಸರು, ಬಾಗಿಲಲ್ಲಿ ಕೂತಿದ್ದ ಮುದುಕರು ಕೂಡ ಎದ್ದು ಬಂದರು. ಒಬ್ಬರಿಂದೊಬ್ಬರಿಗೆ ಕೈಬದಲಾಗಿ ಬಳ್ಳಿಯ ಹೊರೆಗಳು ಹಿತ್ತಲಿಗೆ ಹೋದವು. ನಾನೂ ಆಫೀಸಿನ ಸೀರೆಯಲ್ಲೇ ಹೊತ್ತೆ. ತಲೆ ತುಂಬಾ ದೂಳು, ಮೈಯೆಲ್ಲಾ ತುರಿಕೆ. “ಸರ್ಕಾರಿ ನೌಕರಿಯೋರು ಹೊರೆ ಹೊರಾದು ಇವತ್ತೇ ನೋಡಿದ್ದು ಕಣಮ್ಮ,” ಅಂತ ಪಕ್ಕದ್ಮನೆ ಚಿಕ್ಕವ್ವ ಚುಡಾಯಿಸಿದಳು. ನೆಲ ಖಾಲಿಯಾಯಿತು. ಡ್ರೈವರಣ್ಣ ಸ್ಟೇರಿಂಗ್ ಹಿಡಿದರು. ಅರ್ಧ ಊರು “ಬಾ ಬಾ ಬಾ” ಅಂದಿತು, ಇನ್ನರ್ಧ ತೆಲುಗಿನಲ್ಲಿ “ರಾ ರಾ ರಾ” ಅಂದಿತು. ಮೊದಲನೇ ಸಲ ಆಗಲಿಲ್ಲ. ಎರಡನೇ ಸಲ ಹುಣಸೆ ಕೊಂಬೆ ಟಾಪಿಗೆ ಕೆರೆಯಿತು. ಮೂರನೇ ಸಲಕ್ಕೆ ಬಸ್ಸು ನಿಧಾನಕ್ಕೆ ಹಿಂದೆ ಸರಿದು, ಮೂತಿ ಮೇನ್ ರೋಡಿನ ಕಡೆ ಮಾಡಿ ನಿಂತಿತು. ಶಿಳ್ಳೆಯೋ ಶಿಳ್ಳೆ! ನಮ್ಮವ್ವ ಡ್ರೈವರಣ್ಣನಿಗೆ ಮಜ್ಜಿಗೆ ಕೊಟ್ಟು, ನನಗೆ ಕೊಡುವುದನ್ನೇ ಮರೆತಳು.

ಮರುದಿನ ನಾನು ಬರೆದ ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಇರಲಿಲ್ಲ. ‘ಪ್ರಾಯೋಗಿಕವಾಗಿ ಬಸ್ ಓಡಿಸಿ ಪರಿಶೀಲಿಸಲಾಗಿದೆ. ರಸ್ತೆ ಯೋಗ್ಯವಾಗಿದೆ. ಬಸ್ ತಿರುಗುತ್ತದೆ. ಸಂಚಾರ ಆರಂಭಿಸಬಹುದು.’ ಮ್ಯಾನೇಜರು ಎರಡು ಸಲ ಓದಿ, “ಇಷ್ಟು ಸೀದಾ ಬರೆದ್ರೆ ಮೇಲಿನವ್ರು ಗಾಬರಿ ಆಗ್ತಾರಲ್ರೀ,” ಅಂದರೂ ಸಹಿ ಹಾಕಿದರು.

ಪ್ರಶ್ನೋತ್ತರದ ದಿನ ಡಿಪೊದಲ್ಲಿ ಯಾರೂ ಕೆಲಸ ಮಾಡಲಿಲ್ಲ. ಮೆಕ್ಯಾನಿಕ್ಕುಗಳು ಗ್ರೀಸಿನ ಕೈಯಲ್ಲೇ ಬಂದು, ಸದನದ ನೇರಪ್ರಸಾರ ಹಾಕಿದ್ದ ನನ್ನ ಮೊಬೈಲಿನ ಸುತ್ತ ನಿಂತರು. ಸಭಾಧ್ಯಕ್ಷರು ಸಂಖ್ಯೆ ಕೂಗಿದರು. ಸಚಿವರು ಎದ್ದು ನನ್ನ ಸಾಲುಗಳನ್ನೇ ಓದಿದರು. ‘ಬಸ್ ತಿರುಗುತ್ತದೆ’ ಅನ್ನುವಲ್ಲಿ ಅವರಿಗೇ ನಗು ಬಂತು. ಶಾಸಕರು ಬಿಡಲಿಲ್ಲ, ಉಪಪ್ರಶ್ನೆ ಹಾಕಿದರು: “ಆರಂಭಿಸಬಹುದು ಅಂದರೆ ಸಾಲದು. ಯಾವತ್ತಿನಿಂದ?”

ಅದನ್ನು ನಾನು ಬರೆದುಕೊಟ್ಟಿರಲಿಲ್ಲ! ಸಚಿವರು ಕಾಗದ ತಿರುಗಿಸಿ ನೋಡಿದರು, ಹಿಂದೆ ಕೂತಿದ್ದ ಅಧಿಕಾರಿಗಳ ಕಡೆ ನೋಡಿದರು. ಆಮೇಲೆ ಕಾಗದ ಕೆಳಗಿಟ್ಟು, “ಬರುವ ಸೋಮವಾರದಿಂದ,” ಅಂದುಬಿಟ್ಟರು. ಮೇಜು ಕುಟ್ಟಿದ ಸದ್ದು ಅಲ್ಲಿಂದ ಬಂತೋ ಇಲ್ಲಿಂದ ಬಂತೋ ಗೊತ್ತಾಗಲಿಲ್ಲ. ನಾನಂತೂ ಗೊಳೋ ಅಂತ ಅತ್ತೆ, ಸಂತೋಷಕ್ಕೆ.

ಸೋಮವಾರ ರಜೆ ಹಾಕಿ, ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಏಳೂವರೆಗೆ ಬಸ್ ಬಂತು. ನಮ್ಮವ್ವ ನೂಲಿನ ಗಂಟು ತೊಡೆಯ ಮೇಲಿಟ್ಟು ಕಿಟಕಿ ಪಕ್ಕ ಕೂತಳು. ಕಾಲು ಚಾಚಿಕೊಂಡು, ತಾನು ನಡೆದ ದಾರಿ ಹಿಂದೆ ಓಡುವುದನ್ನು ನೋಡುತ್ತಿದ್ದಳು. ಆ ಮುಖ ನೋಡಿ ನನ್ನ ಹೊಟ್ಟೆಯೊಳಗಿನ ಮಾತು ತಡೆಯಲಿಲ್ಲ.

“ಅವ್ವಾ, ಹೋದ್ಸಲ ಬಸ್ ಬರಾಕಾಗಲ್ಲ ಅಂತ ಬರೆದಾಕಿ ನಾನೇ.”

“ಗೊತ್ತೈತೆ. ಆ ಉತ್ತರಾನ ಎಮ್ಮೆಲ್ಲೆ ಕಡೆಯೋರು ಅವಾಗ್ಲೇ ಊರಾಗೆ ಓದಿ ಹೇಳಿದ್ರು. ನಮ್ ಬಣವೆ ಯಾವ ಮರದ ಕೆಳಗೈತೆ ಅಂತ ಬೆಂಗ್ಳೂರಾಗೆ ಯಾರಿಗೆ ಗೊತ್ತಿರ್ತೈತೆ?”

“ಗೊತ್ತಿದ್ದೂ ನನ್ನ ಯಾಕೆ ಕೇಳ್ಲಿಲ್ಲ ನೀನು?”

ಅವ್ವ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ, ಕಣ್ಣಲ್ಲಿ ತುಂಟತನ ಇತ್ತು.

“ಯುಗಾದಿಗೆ ಬಂದಾಗ ನಮ್ಮೂರಿಗೆ ಬಸ್ ಬಿಡಿಸೇ ಅಂತ ಕೇಳ್ದೆ. ‘ನೋಡಾನ ಅವ್ವ’ ಅಂದಿ. ದೀಪಾವಳಿಗೆ ಕೇಳ್ದೆ, ಅವಾಗ್ಲೂ ‘ನೋಡಾನ ಅವ್ವ’ ಅಂದಿ. ಅದಕ್ಕೇ ಎಮ್ಮೆಲ್ಲೆ ಬಂದಾಗ ಕೈ ಹಿಡ್ಕಂಡು ಹೇಳ್ದೆ: ನೀವು ಅಲ್ಲಿ ಕೇಳ್ರಿ ಸ್ವಾಮಿ, ನಮ್ ಹುಡುಗಿ ಇಲ್ಲಿ ಉತ್ತರ ಕೊಡ್ತಾಳೆ.”