ಕುಸುಬಿಯ ಮುಳ್ಳು, ಕನೋಲಾದ ಹೂವು

ಅಡುಗೆಮನೆಯ ಎಣ್ಣೆ ಡಬ್ಬಿ ಖಾಲಿಯಾಗುವುದಕ್ಕೂ ಒಂದು ಮುಹೂರ್ತವಿದೆ. ಮನೆಯವರು ಕೈಯಲ್ಲಿ ಚೀಲ ಹಿಡಿದು ಪೇಟೆಗೆ ಹೊರಟಾಗ ಅದು ಎಂದೂ ಖಾಲಿಯಾಗುವುದಿಲ್ಲ. ಒಲೆಯ ಮೇಲೆ ಬೋಗುಣಿ ಕಾದು, ಒಗ್ಗರಣೆಗೆಂದು ಅಂಗೈಯಲ್ಲಿ ಸಾಸಿವೆ ಹಿಡಿದು ನಿಂತ ಗಳಿಗೆಯಲ್ಲೇ ಅದು ತನ್ನ ತಳವನ್ನು ದರ್ಶನ ಮಾಡಿಸುತ್ತದೆ. ಇಷ್ಟು ವರ್ಷ ಸಂಸಾರ ಮಾಡಿ ನಾನು ಗಳಿಸಿದ ಖಚಿತ ಜ್ಞಾನವೆಂದರೆ ಇದೊಂದೇ. ಇದರಿಂದ ಪ್ರಯೋಜನವೇನೂ ಆಗಿಲ್ಲ, ಏಕೆಂದರೆ ನಾಳೆಯೂ ನಾನು ಸಾಸಿವೆ ಹಿಡಿದೇ ನಿಲ್ಲುವವಳು.

ಹಾಗೆ ನಿಂತಿದ್ದ ಒಂದು ಮುಂಜಾನೆ ನಮ್ಮ ಯಜಮಾನರು ವಿಜಯಪುರದ ನಮ್ಮ ಓಣಿಯ ಮೂಲೆಯಂಗಡಿಗೆ ಓಡಿಹೋಗಿ, ನಾನು ಹೇಳಿದ ಎಣ್ಣೆಯನ್ನು ಬಿಟ್ಟು ಬೇರೆಯದನ್ನು ತಂದರು. ತೊರವಿಯ ಕಡೆ ಒಂದು ಕಾಲೇಜಿನ ಕಚೇರಿಯಲ್ಲಿ ಅವರ ಕೆಲಸ. ಅಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಹೃದಯದ ಚರ್ಚೆ ಆರಂಭವಾಗುತ್ತದಂತೆ. ಪ್ರಾಯದಲ್ಲಿ ಹೃದಯದ ಸುದ್ದಿಯನ್ನೇ ಎತ್ತದ ಗಂಡಸರು ಐವತ್ತರ ಹತ್ತಿರ ಬಂದಾಗ ಅದರ ಹೊರತು ಬೇರೇನನ್ನೂ ಮಾತಾಡುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಆ ಚರ್ಚೆಯ ಫಲವೇ ಈ ಡಬ್ಬಿ. ಅದರ ಮೇಲೆ ನೀಲಿ ಆಕಾಶ, ಅದರ ಕೆಳಗೆ ಕಣ್ಣು ಹಾಯುವವರೆಗೂ ಹಳದಿ ಹೂವಿನ ಹೊಲ, ನಡುವೆ ‘ಕನೋಲಾ’ ಎಂಬ ಹೆಸರು.

ಡಬ್ಬಿ, ಪುಡಿಕೆ, ಸೀಸೆಗಳ ಬೆನ್ನ ಮೇಲೆ ಬರೆದದ್ದನ್ನೆಲ್ಲ ಓದುವುದು ನನ್ನ ಹಳೆಯ ಚಟ. ಓದಿದ್ದು ಅರ್ಥವಾಗದಿದ್ದರೆ ಮಗಳ ಹಳೆಯ ಫೋನಿನಲ್ಲಿ ಹುಡುಕುತ್ತೇನೆ. ಹುಡುಕುವಷ್ಟರಲ್ಲಿ ಪಲ್ಯ ಸೀಯುತ್ತದೆ. ಅಂದು ಸೀದ ಹೀರೇಕಾಯಿ ಸಾಕ್ಷಿಯಾಗಿ ನಾನು ಅರಿತದ್ದಿಷ್ಟು: ಈ ಕನೋಲಾ ನಮ್ಮ ಸಾಸಿವೆಯ ಹತ್ತಿರದ ದಾಯಾದಿ. ಒಂದು ಕಾಲದಲ್ಲಿ ಇದರ ಪೂರ್ವಜರ ಎಣ್ಣೆ ಪರದೇಶಗಳಲ್ಲಿ ದೀಪಕ್ಕೆ, ಹಡಗಿನ ಯಂತ್ರಗಳಿಗೆ ಬಳಕೆಯಾಗುತ್ತಿತ್ತು. ಕಹಿಯಾದ್ದರಿಂದ ಬಾಯಿಗೆ ಅಷ್ಟಾಗಿ ಒಗ್ಗಿರಲಿಲ್ಲ. ಕೆನಡಾದ ತಜ್ಞರು ವರ್ಷಗಟ್ಟಲೆ ತಿದ್ದಿ ತೀಡಿ ಅದರ ಕಹಿಯನ್ನು ಕಳೆದರು. ಬೆಳೆಯ ಹಳೆಯ ಇಂಗ್ಲಿಷ್ ಹೆಸರು ಸಭ್ಯರ ಅಡುಗೆಮನೆಗೆ ಒಪ್ಪುವಂಥದ್ದಾಗಿರಲಿಲ್ಲವಾದ್ದರಿಂದ ದೇಶದ ಹೆಸರಿಗೆ ಎಣ್ಣೆಯನ್ನು ಬೆರೆಸಿ ಹೊಸ ನಾಮಕರಣವನ್ನೂ ಮಾಡಿದರು. ಈಗ ಅಲ್ಲಿಂದ ಹಡಗುಗಟ್ಟಲೆ ಕಾಳು, ಎಣ್ಣೆ, ಹಿಂಡಿ ಹೊರಡುತ್ತವೆ. ಚೀನಾದವರು ಕೊಳ್ಳುತ್ತಾರೆ, ಮನಸ್ತಾಪವಾದಾಗ ಸುಂಕ ಏರಿಸಿ ಮುಖ ತಿರುಗಿಸುತ್ತಾರೆ. ಜಪಾನಿನವರು ಸದ್ದಿಲ್ಲದೆ ಕೊಳ್ಳುತ್ತಾರೆ. ಯುರೋಪಿನವರು ತಾವೂ ಹೇರಳವಾಗಿ ಬೆಳೆದು, ಸಾಲದ್ದನ್ನು ತರಿಸಿ, ಬಹಳಷ್ಟನ್ನು ತಮ್ಮ ವಾಹನಗಳ ಹೊಟ್ಟೆಗೆ ಇಂಧನವಾಗಿ ಸುರಿಯುತ್ತಾರೆ. ನಮ್ಮ ಉತ್ತರದ ರಾಜಸ್ಥಾನವೂ ಚಳಿಗಾಲದಲ್ಲಿ ಸಾಸಿವೆಯಿಂದ ಹಳದಿಯಾಗುತ್ತದೆ. ಆದರೂ ದೇಶಕ್ಕೆ ಎಣ್ಣೆ ಸಾಲದು. ದೂರದಲ್ಲೆಲ್ಲೋ ಯುದ್ಧವಾದರೆ ನಮ್ಮ ಮೂಲೆಯಂಗಡಿಯವನು ‘ಅಕ್ಕಾರ, ರೇಟ್ ಏರೇತ್ರಿ’ ಎನ್ನುತ್ತಾನೆ. ಒಗ್ಗರಣೆಗೆ ಚಿಟಿಕೆ ಸಾಸಿವೆ ಹಾಕುವ ನಾನು ಸಪ್ತಸಾಗರಗಳ ವ್ಯಾಪಾರದಲ್ಲಿ ಕೈ ಅದ್ದಿದ್ದೇನೆಂದು ತಿಳಿದು ಸೀದ ಪಲ್ಯವನ್ನೂ ಸ್ವಲ್ಪ ಗೌರವದಿಂದಲೇ ಬಡಿಸಿದೆ.

ಎಣ್ಣೆ ಒಳ್ಳೆಯದೇ. ಕರಿದರೆ ಹೊಗೆಯಾಡದು, ವಾಸನೆ ಹೊಡೆಯದು. ತೊಡಕಾದದ್ದು ರೊಟ್ಟಿಯ ಹತ್ತಿರ. ನಮ್ಮ ಕಡೆ ಬಿಸಿ ಜೋಳದ ರೊಟ್ಟಿಯ ಮೇಲೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ, ಅದರ ಮೇಲೆ ಹಸಿ ಕುಸುಬಿ ಎಣ್ಣೆ. ಯಜಮಾನರು ಹೃದಯದ ಹಿತಕ್ಕಾಗಿ ಅಂದು ಕನೋಲಾವನ್ನೇ ಹನಿಸಿಕೊಂಡರು. ಒಂದು ತುತ್ತು ಅಗಿದು, ನಿಲ್ಲಿಸಿ, ಕೇಳಿದರು:

“ಎಣ್ಣಿ ಹಾಕಿಯೇನ?”

“ನಿಮ್ಮ ಕೈಲೆ ನೀವ ಹಾಕ್ಕೊಂಡ್ರಲ್ಲರಿ.”

“ಹಾಕ್ಕೊಂಡೆ ಅಂತೀ?” ಎಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಅಲ್ಲೇ ಹೊಳೆಯುತ್ತಿತ್ತು. ಲೋಕದ ಎಲ್ಲ ಅಡುಗೆಮನೆಗಳನ್ನೂ ಮೆಚ್ಚಿಸಲು ಹೊರಟ ಎಣ್ಣೆ ಯಾರ ನಾಲಗೆಯೊಡನೆಯೂ ಜಗಳ ತೆಗೆಯುವಂತಿಲ್ಲ; ನಮ್ಮ ಯಜಮಾನರಿಗೋ, ಎಣ್ಣೆ ಸ್ವಲ್ಪ ಜಗಳ ತೆಗೆದರೇ ರುಚಿ.

ಈ ಪುರಾಣವನ್ನೆಲ್ಲ ತವರಿನಲ್ಲಿ ಹೇಳಬೇಕೆಂದು ಹಿಂಗಾರಿ ಬಿತ್ತನೆಯ ಹೊತ್ತಿಗೆ ಬಬಲೇಶ್ವರ ತಾಲೂಕಿನ ನಿಡೋಣಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ನನ್ನಣ್ಣ ಶಿವಪ್ಪ ತನ್ನ ಫೋನು ತೆರೆದಿದ್ದ. ಅದರಲ್ಲಿ ಅದೇ ಹಳದಿ ಹೊಲ! ಬೆಟ್ಟದಷ್ಟು ದೊಡ್ಡ ಯಂತ್ರವೊಂದು ಅದನ್ನು ಕೊಯ್ಯುತ್ತಾ ಹೋಗುತ್ತಿತ್ತು. ಕನೋಲಾದ ಬೀಜ ಇಲ್ಲೆಲ್ಲಿ ಸಿಕ್ಕೀತು? ಅದರ ದಾಯಾದಿಯಾದರೂ ಆದೀತೆಂದು ಅಣ್ಣ ಬೀಜದಂಗಡಿಯಿಂದ ಸಾಸಿವೆ ತಂದಿಟ್ಟಿದ್ದ. ಆದರೆ ಅದನ್ನು ಬಿತ್ತಲು ಆರಿಸಿದ್ದು ವರ್ಷವೂ ಕುಸುಬಿ ಹಾಕುವ ಹೊಲದ ಅಂಚನ್ನು; ಅದು ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕಣ್ಣು ಕೆಂಪಾಗಿಸಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬಿಳಿಜೋಳ ಬಿತ್ತುವಾಗ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕುತ್ತಾರೆ. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಎಳೆಯದಿದ್ದಾಗ ಕುಸುಬಿ ಸಾಧು ಸೊಪ್ಪು. ಕಿತ್ತು ಪಲ್ಯ ಮಾಡಬಹುದು. ಬೆಳೆದ ಮೇಲೆ ಮೈಯೆಲ್ಲ ಮುಳ್ಳು. ಮನೆಗೆ ಎಣ್ಣೆಯಾಯಿತು, ಜೋಳಕ್ಕೆ ಬೇಲಿಯಾಯಿತು. ಕೊಯ್ಲು ಮಾತ್ರ ಶಿಕ್ಷೆ. ಕಾಲಿಗೆ ಗೋಣಿ ಸುತ್ತಿ, ಕೈಗೆ ಬಟ್ಟೆ ಕಟ್ಟಿ, ಮುಂಜಾನೆಯ ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಮುಗಿಸಬೇಕು. ಆಳುಗಳು ಬರಲೊಪ್ಪುವುದಿಲ್ಲ. ಹೀಗಾಗಿ ಸುತ್ತಲಿನ ಹೊಲಗಳಿಂದ ಒಂದೊಂದಾಗಿ ಕುಸುಬಿ ಕಾಣೆಯಾಗಿ, ವೈನಿಯ ಗಡಿಗೆಯಲ್ಲಿ ಮಾತ್ರ ಬೂದಿ ಬೆರೆಸಿಟ್ಟ ಬೀಜ ಉಳಿದಿತ್ತು. ಆಕೆಯ ಅತ್ತೆ, ಅಂದರೆ ನನ್ನವ್ವ, ಕೊಟ್ಟ ಬೀಜದ ಸಂತತಿ ಅದು. ಒಂದು ವರ್ಷ ಬಿತ್ತದೆ ಬಿಟ್ಟರೆ, ಮರುವರ್ಷ ಬಿತ್ತುವ ಮನಸ್ಸು ಅಣ್ಣನಿಗೆ ಬಾರದು; ಗಡಿಗೆಯ ಬೀಜಕ್ಕೆ ಹುಳ ಬಿದ್ದು ಅಲ್ಲಿಗೆ ಕುಸುಬಿಯ ಕತೆ ಮುಗಿದಂತೆ. ಇದು ವೈನಿಗೂ ಗೊತ್ತು, ಅಣ್ಣನಿಗೂ ಗೊತ್ತು.

“ನೋಡ ಸುಮಿ, ಇಡೀ ಜಗತ್ತ ಇದನ್ನ ಬಿತ್ತಾಕತ್ತೈತಿ. ನಾವಷ್ಟ ಮುಳ್ಳ ಅಪ್ಪಿಕೊಂಡ ಕುಂತೇವಿ,” ಎಂದ ಅಣ್ಣ, ಫೋನನ್ನು ನನ್ನ ಮೂಗಿಗೆ ಹಿಡಿದು.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಆ ವಿಡಿಯೋದಾಗ ಒಂದರ ಎಮ್ಮಿ ತೋರಸ್ರಿ ನೋಡೋಣು,” ಎಂದರು.

“ಎಮ್ಮಿಗೇನ ಸಂಬಂಧ ಇದಕ?”

“ಅವರ ಊರಾಗ ಎಮ್ಮಿ ಇಲ್ಲ, ಹೂವಿನ ಬೇಲಿ ನಡೀತೈತಿ. ನಮ್ಮೂರಾಗ ಮನಿಗೊಂದ ಐತಿ.”

“ಕುಸುಬಿ ಕೊಯ್ಯಾಕ ಒಂದ ಆಳ ಬರಂಗಿಲ್ಲ. ಯಾರ ಕೊಯ್ತಾರ, ನಿಮ್ಮಪ್ಪ ಬರ್ತಾನ?”

“ನಮ್ಮಪ್ಪ ಯಾಕ ಬರ್ಬೇಕ್ರಿ? ಅರ್ಧ ಸಾಲ ನಿಮ್ಮ ಸಾಸಿವಿ ಹಾಕ್ರಿ, ಅರ್ಧ ನನ್ನ ಕುಸುಬಿ. ಹೊಲಾ ಯಾವುದು ಕಾಯ್ತೈತಿ ನೋಡೂಣು. ನಿಮ್ಮದ ಗೆದ್ರ ಬೆಳದ ಬೀಜೆಲ್ಲಾ ಕೋಳಿಗೆ ಹಾಕ್ತೇನಿ. ನಂದ ಗೆದ್ರ ನೀವ ಕೊಯ್ರಿ.”

ಬಂಡಿದಾರಿಯ ಬದಿಯ ಅಂಚನ್ನೇ ಪಂದ್ಯಕ್ಕೆ ಗೊತ್ತುಮಾಡಿದರು. ನಡುವಿನ ಬೇವಿನ ಗಿಡದಿಂದ ಆಚೆಗೆ ಸಾಸಿವೆ, ಈಚೆಗೆ ಕುಸುಬಿ. ಅದೇ ದಾರಿ, ಅದೇ ದನ, ಅದೇ ಗಾಳಿ. ಗಡಿಗೆಯಲ್ಲಿದ್ದ ಬೀಜವನ್ನೆಲ್ಲ ವೈನಿ ಆ ಅರ್ಧ ಸಾಲಿಗೇ ಸುರಿದರು. ಉಳಿಸಿಕೊಂಡು ಜೂಜಾಡುವ ಹೆಂಗಸಲ್ಲ ಆಕೆ. ನಾನು ನಗುತ್ತಲೇ ಊರಿಗೆ ಮರಳಿದರೂ ಒಳಗೆ ಸಣ್ಣದೊಂದು ಭಯವಿತ್ತು.

ಭಯಕ್ಕೆ ಕಾರಣ ಬೇಗನೇ ಹುಟ್ಟಿತು. ಸಾಸಿವೆ ಮೊದಲು ಹೂಬಿಟ್ಟಿತು. ಅದೆಂಥ ಹೂವೆಂದರೆ ಸಾರವಾಡದವರೆಗೂ ಸುದ್ದಿಯಾಯಿತು. ಮದುವೆ ನಿಶ್ಚಯವಾದ ಜೋಡಿಗಳು ಬಾಡಿಗೆ ಕಾರಿನಲ್ಲಿ ಬಂದು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಂಡರು. ಬಾಡಿಗೆ ಕುದುರೆಯೊಂದನ್ನು ತಂದವರೂ ಇದ್ದರಂತೆ. ಅಣ್ಣ ದಿನವೂ ನನಗೆ ಆ ಚಿತ್ರಗಳನ್ನು ಕಳಿಸುತ್ತಿದ್ದ. ನಮ್ಮ ಯಜಮಾನರು ಅವುಗಳನ್ನು ಕಾಲೇಜಿನಲ್ಲಿ ತೋರಿಸಿ ‘ನಮ್ಮ ಕನೋಲಾ’ ಎಂದು ಬೀಗಿದರು. ಬೇವಿನ ಈಚೆಗೆ ಕುಸುಬಿ ಆಗಿನ್ನೂ ಹಸಿರು ಮುಖ ಗಂಟಿಕ್ಕಿಕೊಂಡು, ಸಮಾರಂಭಕ್ಕೆ ಕರೆಯದ ನೆಂಟನಂತೆ ನಿಂತಿತ್ತು. ಫೋನಿನಲ್ಲಿ ವೈನಿಯ ದನಿ ಸಣ್ಣಗಾಗಿತ್ತು. “ಚೆಂದ ಐತಿ ಬಿಡ ಸುಮಾ. ಸುಳ್ಳ ಯಾಕ ಹೇಳ್ಲಿ, ನನಗೂ ಚೆಂದ ಕಾಣ್ತೈತಿ,” ಎಂದರು. ಸೋಲನ್ನು ಹೀಗೆ ಮೆಚ್ಚಿಕೊಂಡವರನ್ನು ಸಮಾಧಾನಪಡಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಊಟ ಮಾಡುವವರು ಯಾರಿದ್ದಾರೆ? ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಭಜ್ಜಿ, ಶೇಂಗಾ ಹೋಳಿಗೆಗಳ ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವುದು. ನಾನೂ ಯಜಮಾನರೂ ಹೋದೆವು. ಚರಗ ಚೆಲ್ಲಿದ್ದಾಯಿತು. ಬೇವಿನ ನೆರಳಲ್ಲಿ ಜಮಖಾನೆ ಹಾಸಿ ಕೂತೆವು. ಅಣ್ಣ ಎಮ್ಮೆಗೆ ಬಾವಿಯ ನೀರು ಕುಡಿಸಿಕೊಂಡು ಬಂಡಿದಾರಿಯಲ್ಲಿ ಬರುತ್ತಿದ್ದ. ಒಂದು ಕೈಯಲ್ಲಿ ಎಮ್ಮೆಯ ಹಗ್ಗ, ಇನ್ನೊಂದರಲ್ಲಿ ಫೋನು. ಅದರಲ್ಲಿ ಯಾರಿಗೋ ತನ್ನ ಹಳದಿ ಸಾಮ್ರಾಜ್ಯವನ್ನು ತೋರಿಸುವ ಸಂಭ್ರಮ. ಚೆನ್ನಾಗಿ ತೋರಿಸಲು ಎರಡು ಕೈ ಬೇಕಾದವು. ಹಗ್ಗ ಬಿಟ್ಟ.

ಎಮ್ಮೆ ಮೊದಲು ಬಂದದ್ದು ಕುಸುಬಿಯ ಕಡೆಗೇ. ಜೋಳದ ಹಸಿರು ಕಂಡು ಮೂತಿ ಮುಂದೆ ಮಾಡಿತು. ಅಷ್ಟರಲ್ಲಿ ಕುಸುಬಿಗೆ ಮುಳ್ಳು ಬಲಿತಿದ್ದವು. ಎಮ್ಮೆ ಬುಸ್ಸೆಂದು ಹಿಂದೆ ಸರಿಯಿತು. ಇನ್ನೊಂದು ಕಡೆ ನೋಡಿತು, ಅಲ್ಲಿಯೂ ಮುಳ್ಳು. ಅಂಗಡಿಗಳ ಬೋರ್ಡು ಓದುತ್ತಾ ನಡೆಯುವವರಂತೆ ಅದು ಸಾಲಿನುದ್ದಕ್ಕೂ ನಿಧಾನವಾಗಿ ನಡೆದು ಬಂತು. ನಾವೆಲ್ಲ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದೆವು. ಕೂಗಲು ಬಾಯಿ ತೆರೆದ ಯಜಮಾನರನ್ನು ವೈನಿ ಬೆರಳೆತ್ತಿದ ಸನ್ನೆಯಿಂದಲೇ ತಡೆದರು. ಬೇವಿನ ಗಿಡ ದಾಟಿದ ಕೂಡಲೇ ಎಮ್ಮೆಗೆ ಹೂವಿನ ಬಾಗಿಲು ತೆರೆದಿತ್ತು. ಜೋಡಿಗಳು ಫೋಟೊಗಾಗಿ ತುಳಿದ ಜಾಗವೇ ಹೆಬ್ಬಾಗಿಲಾಗಿತ್ತು. ನಾಲ್ಕು ಹೂವು ಬಾಯಾಡಿಸಿ, ಮದುವಣಗಿತ್ತಿಯ ಗಾಂಭೀರ್ಯದಿಂದ ಅದು ಜೋಳದೊಳಗೆ ಪ್ರವೇಶಿಸಿತು.

“ಹೊಯ್! ಹೊಯ್! ಯಾರರ ಹಿಡೀರಲೇ!” ಅಣ್ಣ ಫೋನನ್ನು ಹಿಡಿದುಕೊಂಡೇ ಓಡಿದ.

“ಅವಸರ ಮಾಡಬ್ಯಾಡ್ರಿ,” ವೈನಿ ಕೂತಲ್ಲಿಂದಲೇ ಕೂಗಿದರು. “ಅದೂ ಫೋಟೊ ತಗಸಿಕೊಳ್ಳಾಕ ಹೋಗೇತಿ!”

ನಕ್ಕು ನಕ್ಕು ಯಜಮಾನರಿಗೆ ಮಜ್ಜಿಗೆ ನೆತ್ತಿಗೇರಿತು. ಎಮ್ಮೆಯನ್ನು ಹೊರಗೆಳೆದು ತಂದ ಅಣ್ಣ ಬೆವರೊರೆಸಿಕೊಳ್ಳುತ್ತಾ, “ಎಮ್ಮಿಗೇನ ತಿಳಿತೈತಿ, ಸಾಸಿವಿ ಯಾವುದು ಕುಸುಬಿ ಯಾವುದು?” ಎಂದ.

“ತಿಳದೈತಿ ಅಂತನ ನಿಮ್ಮ ಕಡೆಯಿಂದ ಹೊಕ್ಕೇತ್ರಿ. ಬರ್ರಿ, ಉಣ್ಣ ಬರ್ರಿ. ಕೊಯ್ಯಾಕ ಶಕ್ತಿ ಬೇಕ.”

ಅಣ್ಣ ಬಂದು ಕೂತ. ಎದುರಿಗೆ ನಿಂತಿದ್ದುದು ಅವನದೇ ಎಮ್ಮೆ, ಬಿಟ್ಟದ್ದು ಅವನದೇ ಕೈ; ದೂರಲು ನೆರೆಯವರೂ ಸಿಗಲಿಲ್ಲ.

ಪಂದ್ಯದ ಮಾತನ್ನು ಅವನು ಮೀರಲಿಲ್ಲ. ಮಾಘ ಕಳೆದು ಬಿಸಿಲು ಬಲಿತಾಗ ಕಾಲಿಗೆ ಗೋಣಿ, ಕೈಗೆ ವೈನಿಯ ಹಳೆಯ ಸೀರೆಯ ಚೂರು ಕಟ್ಟಿಕೊಂಡು ಇಬ್ಬನಿಯಲ್ಲೇ ಹೊಲಕ್ಕಿಳಿದ. ಮೊದಲ ದಿನ ಒಂದು ಲೋಟ ಚಹಾ ಹೆಚ್ಚು ಕುಡಿದು ತಡಮಾಡಿದ್ದರಿಂದ ಸೂರ್ಯ ಅವನಿಗಿಂತ ಮೊದಲು ಬಂದಿದ್ದ. ಮುಳ್ಳುಗಳು ಅಂದು ಏನೇನು ಹೇಳಿದವೆಂಬುದನ್ನು ಅವನು ಈಗಲೂ ಹೇಳುವುದಿಲ್ಲ. ಮರುದಿನದಿಂದ ಕೋಳಿ ಅವನನ್ನು ಎಬ್ಬಿಸಬೇಕಾಗಲಿಲ್ಲ. ವೈನಿ ಬದುವಿನ ಮೇಲೆ ಕೂತು ಎಲ್ಲಿ ಹಿಡಿಯಬೇಕು, ಹೇಗೆ ಬಾಗಬೇಕು ಎಂದು ನಿರ್ದೇಶನ ಕೊಟ್ಟರು. ಸಾಸಿವೆಯೂ ದಂಡವಾಗಲಿಲ್ಲವೆನ್ನಿ: ಎಮ್ಮೆ ಬಿಟ್ಟದ್ದನ್ನು ಬಡಿದು ಹಸನು ಮಾಡಿದಾಗ ಸಿಕ್ಕ ಕಾಳು ನಮ್ಮೆರಡೂ ಮನೆಗಳ ಒಗ್ಗರಣೆಗೆ ಬಂತು. ಕನೋಲಾ ಡಬ್ಬಿಯನ್ನೂ ನಾನು ಹೊರಗೆ ಹಾಕಿಲ್ಲ, ಕರಿಯುವುದಕ್ಕೆ ಅದೇ. ಅದು ಸಮುದ್ರ ದಾಟುವಂತೆ ಬೆಳೆದದ್ದು, ಕುಸುಬಿ ಬಂಡಿದಾರಿಯನ್ನು ಕಾಯುವಂತೆ ಬೆಳೆದದ್ದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದ್ದಷ್ಟೇ ತಪ್ಪು.

ಕುಸುಬಿಯ ಚೀಲ ತುಂಬಿಕೊಂಡು ತಿಕೋಟದ ಗಾಣಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಕರೆಂಟಿನಿಂದ ತಿರುಗುವ ಕಟ್ಟಿಗೆಯ ಗಾಣ. ನಮ್ಮ ಹಿಂದೆ ಶೇಂಗಾ ತಂದವರ ಸಾಲು. ಎಣ್ಣೆ ಇಳಿಯತೊಡಗಿದ ಹಾಗೆ ಆ ಘಮ ಸಾಲಿನುದ್ದಕ್ಕೂ ಹರಡಿ, ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದರು. ಅವರಲ್ಲೊಬ್ಬಾಕೆ, ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿ, “ಯಪ್ಪಾ, ಯಾರ ಹೊಲದ್ದೋ ಇದು? ಕುಸುಬಿ ಕಂಡ ಎಷ್ಟ ವರ್ಷಾತು!” ಎಂದು ಅಣ್ಣನನ್ನು ಕೇಳಿದಳು.

ಹೊಲ ಯಾರದೆಂದು ಕೇಳಿದರೆ ಎದೆಯ ಮೇಲೆ ಕೈಯಿಟ್ಟುಕೊಳ್ಳುವ ನನ್ನಣ್ಣ ಅಂದು ಗೀರು ತುಂಬಿದ ಆ ಕೈಯನ್ನು ವೈನಿಯ ಕಡೆ ಚಾಚಿದ. “ಈಕೀದು. ಬೀಜಾನೂ ಈಕೀದ, ಹಟಾನೂ ಈಕೀದ. ನಾ ಬರೇ ಕೊಯ್ಯಾವ.”

“ಹಂಗಾರ ಒಂದ ಬೊಗಸಿ ಬೀಜ ಕೊಡ ಬೇ ನನಗೂ,” ಎಂದಳು ಆಕೆ ವೈನಿಗೆ. ಅವಳ ಹಿಂದಿನವಳೂ ಸೆರಗು ಮುಂದೊಡ್ಡಿದಳು. ಬಿತ್ತುವುದಕ್ಕೆಂದು ತೆಗೆದಿಟ್ಟ ಸಣ್ಣ ಚೀಲದ ಬಾಯಿಯನ್ನು ವೈನಿ ಅಲ್ಲೇ ಬಿಚ್ಚಿ, ಬೊಗಸೆ ಬೊಗಸೆಯಾಗಿ ಹಂಚಿದರು. ಒಂದೇ ಗಡಿಗೆಯಲ್ಲಿ ಉಸಿರು ಹಿಡಿದು ಕೂತಿದ್ದ ಕುಸುಬಿ ಆ ಮಧ್ಯಾಹ್ನ ತಿಕೋಟದ ಸುತ್ತಲಿನ ಎಷ್ಟೋ ಹೊಲಗಳಿಗೆ ಹೊರಟುಹೋಯಿತು. ಸುಂಕವಿಲ್ಲ, ಹಡಗಿಲ್ಲ, ಸೆರಗಿನ ಗಂಟಿನಲ್ಲಿ ಸಾಗಿದ ಆ ರಫ್ತನ್ನು ನೋಡುತ್ತಾ ನನಗೆ ಕಣ್ಣು ತುಂಬಿತು.

ಆಮೇಲೆ ವೈನಿ ಬಿಸಿಯಾರದ ಎಣ್ಣೆಯನ್ನು ಅಂಗೈಗೆ ಹನಿಸಿಕೊಂಡು ಅಣ್ಣನ ಗೀರುಗಳಿಗೆ ತಿಕ್ಕಿದರು. ಸಾಲಿನವರೆಲ್ಲ ನೋಡುತ್ತಿದ್ದರೂ ಅವನು ಕೈ ಹಿಂದೆ ಎಳೆದುಕೊಳ್ಳಲಿಲ್ಲ.

“ಬರೂ ವರ್ಷ ಹೊಲದ ನಾಕೂ ಕಡೆ ಇದನ್ನ ಹಾಕೂಣು,” ಎಂದ. “ಆದ್ರ ಕೊಯ್ಯಾಕ ಇಬ್ರೂ ಹೋಗೂಣು.”

“ನೋಡೋಣ್ರಿ,” ಎಂದರು ವೈನಿ, ಗೆದ್ದವರು ಮಾತ್ರ ಹೇಳಬಲ್ಲಷ್ಟು ನಿಧಾನವಾಗಿ.