ದಂಡಿನ ದಿಣ್ಣೆಗೆ ಬೇಲಿ ಕೇಳಲು ಹೋದದ್ದು

ಒಬ್ಬರ ಮುಂದೆ ಕೈಯೊಡ್ಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಮದುವೆಯಲ್ಲಿ ಮಾವನವರು ಕೊಡುತ್ತೇನೆಂದಿದ್ದ ಸೈಕಲ್ಲನ್ನೂ ನಾನು ಬಾಯಿಬಿಟ್ಟು ಕೇಳಲಿಲ್ಲ. ಅದು ಬರಲೂ ಇಲ್ಲ. ಅಂಥವನು ಒಂದು ಇಡೀ ಬೇಸಿಗೆ, ಸತ್ತು ಎಷ್ಟೋ ತಲೆಮಾರಾದ ದಂಡಾಳುಗಳ ಪರವಾಗಿ ಅಂಗಡಿ ಅಂಗಡಿ ಸುತ್ತಿ ಬೇಡಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಈಗ ಬಂಗಾರಪೇಟೆ ಅನ್ನುವ ಊರನ್ನು ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ನಾನು ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತನಾಗಿದ್ದೆ. ರಾಗಿ, ಹುಣಿಸೆಹಣ್ಣು, ಕಡಲೆಕಾಯಿ, ಯಾರ ಮೂಟೆ ಯಾವ ವ್ಯಾಗನ್ನಿಗೆ ಏರಬೇಕೆಂದು ಬರೆಯುವವನು ನಾನೇ ಆದ್ದರಿಂದ ಪೇಟೆಯ ವ್ಯಾಪಾರಿಗಳೆಲ್ಲ ನನಗೆ ನಮಸ್ಕಾರ ಹೊಡೆಯುತ್ತಿದ್ದರು. ಆ ನಮಸ್ಕಾರ ವ್ಯಾಗನ್ನಿಗೋ ನನಗೋ ಎಂಬುದು ತಿಳಿಯುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ.

ನನ್ನ ಹೆಂಡತಿಯ ತವರು, ಬೂದಿಕೋಟೆಯ ದಾರಿಯಲ್ಲಿ ಎಡಕ್ಕೆ ಒಳಗೆ ನಡೆದರೆ ಸಿಗುವ ಸಣ್ಣ ಹಳ್ಳಿ. ಊರ ಹಿಂದೆ ಒಂದು ಬಂಜರು ದಿಬ್ಬ. ಅದನ್ನು ದಂಡಿನ ದಿಣ್ಣೆ ಅನ್ನುತ್ತಾರೆ. ಯಾವುದೋ ಕಾಲದಲ್ಲಿ ಅಲ್ಲಿ ಕಾಳಗ ನಡೆದು, ಬಿದ್ದವರನ್ನು ಅಲ್ಲೇ ಮಣ್ಣು ಮಾಡಿದರಂತೆ. ಅವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ದಿಣ್ಣೆಯ ತುಂಬ ಇದ್ದವು. ಒಂದರಲ್ಲಿ ಕತ್ತಿ ಎತ್ತಿದ ಗಂಡಸು, ಇನ್ನೊಂದರಲ್ಲಿ ಕುದುರೆ ಸವಾರ, ಮೇಲುಗಡೆ ಅವರನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಂಗಸರು. ಯಾರು ಯಾರ ಮೇಲೆ ಏರಿ ಬಂದರು, ಯಾರು ಗೆದ್ದರು, ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅಕ್ಷರ ಕೆತ್ತಿದ್ದ ಒಂದೇ ಕಲ್ಲು ದನಗಳು ಮೈ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಆದರೂ ಯುಗಾದಿ ಕಳೆದ ಮೇಲೆ ಒಂದು ದಿನ ಹೆಂಗಸರು ಅಲ್ಲಿಗೆ ಹೋಗಿ ಕಲ್ಲಿಗೊಂದು ತಂಬಿಟ್ಟಿನ ದೀಪ ಇಟ್ಟು ಬರುತ್ತಿದ್ದರು. ಗೊತ್ತಿಲ್ಲದವರಿಗೆ ದೀಪ ಇಡುವ ಆ ಪದ್ಧತಿ ನನಗೆ ಇಷ್ಟವಾಗಿತ್ತು.

ಆ ವರ್ಷ ತವರಿಗೆ ಹೋಗಿದ್ದ ಹೆಂಡತಿ ಎರಡು ದಿನ ಮುಂಚೆಯೇ ಹಿಂದಿರುಗಿದಳು. ಗಂಟು ಕೆಳಗಿಳಿಸಲೂ ಇಲ್ಲ.

“ಏನೂಂದ್ರೆ, ದಿಣ್ಣೆ ಕಲ್ಲು ಒಡೀತಾವ್ರೆ. ರಸ್ತೆ ಕಂಟ್ರಾಕ್ಟ್ರಿಗೆ ಜಲ್ಲಿ ಬೇಕಂತೆ. ನಮ್ಮಜ್ಜಿ ದೀಪ ಇಟ್ಟ ಕಲ್ಲು ಗಾಡಿಚಕ್ರದ ಕೆಳಗೆ ಓಗಬೇಕಾ?”

“ನಿಮ್ಮೂರವರು ಅಮಲ್ದಾರರಿಗೆ ಹೇಳಬಾರದಾ?” ಎಂದೆ.

“ಏಳವ್ರೆ. ಬೇಲಿ ಇಲ್ದಿರೋ ಬಂಜರು, ಯಾರ್ದು ಅಂತ ತಡೆಯೋದು, ಬೇಸ್ಗೆ ಕಳೆಯೋವರ್ಗೂ ನಿಲ್ಲಿಸಿರ್ತೀನಿ, ಅಷ್ಟರಲ್ಲಿ ಬೇಲಿ ಆಕ್ಕೊಳ್ಳಿ ಅಂದ್ರಂತೆ. ಊರಲ್ಲಿ ಯಾರತ್ರ ಐತೆ ಬೇಲಿ ಆಕೋ ಅಷ್ಟು? ನೀವು ದಿನಾ ಸಾವ್ಕಾರ್ರ ಮುಖಾನೇ ನೋಡ್ತೀರಲ್ಲ, ಒಂದು ಬೇಲಿ ಕೇಳಾಕೆ ಆಗಾಕಿಲ್ವಾ?”

ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಬರೀ ಬೇಲಿ ಎಂದರೆ ಯಾರೂ ಕೊಡಲಾರರು, ದಿಣ್ಣೆಯಲ್ಲಿ ಒಂದು ದಿನ ಕುಸ್ತಿ, ಕೋಲಾಟ, ಬ್ಯಾಂಡು ಇಟ್ಟು ನಾಲ್ಕೂರಿನ ಜನರನ್ನು ಸೇರಿಸಿದರೆ ಕೊಟ್ಟವರಿಗೂ ಹೆಸರು ಬರುತ್ತದೆ ಎಂದು ನಾನೇ ಜಾಣತನದಿಂದ ಸೇರಿಸಿದೆ. ಆ ಜಾಣತನಕ್ಕೆ ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ.

ಮೊದಲು ಹೋದದ್ದು ಪೇಟೆಯ ಎಲ್ಲಕ್ಕಿಂತ ದೊಡ್ಡ ರಾಗಿ ಮಂಡಿಗೆ. ಸಾಹುಕಾರರು ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನಾನು ಕಾಳಗ, ವೀರಗಲ್ಲು, ಬೇಲಿ, ಕುಸ್ತಿ ಎಲ್ಲವನ್ನೂ ವಿವರಿಸಿ ಮುಗಿಸುವ ತನಕ ತಲೆ ಆಡಿಸಿದರು. ಆಮೇಲೆ ಪಕ್ಕದಲ್ಲಿದ್ದ ತಮ್ಮ ಗುಮಾಸ್ತನ ಕಡೆ ತಿರುಗಿ ನಕ್ಕರು.

“ನೋಡಪ್ಪ, ಮಾಮೂಲಿಗೆ ಇವರು ಎಂಥಾ ಒಸ ಎಸರು ಇಟ್ಟವ್ರೆ!” ಎಂದು ನನಗೆ ಕಣ್ಣು ಮಿಟುಕಿಸಿದರು. “ಅಲ್ಲ ಸಾಮಿ, ದಂಡು ದಿಣ್ಣೆ ಅಂತ ಯಾಕೆ ಸುತ್ತಿ ಬಳಸಿ ಕೇಳ್ತೀರ? ವ್ಯಾಗನ್ ಯಾವಾಗ ಕೊಡ್ತೀರ, ಅದೇಳಿ.”

ನಾನು ಆ ಕೆಲಸಕ್ಕೆ ಸೇರಿದಂದಿನಿಂದ ಒಬ್ಬರ ಒಂದು ಹಿಡಿ ಕಡಲೆಕಾಯನ್ನೂ ಮುಟ್ಟಿದವನಲ್ಲ. ಮುಖಕ್ಕೆ ರಕ್ತ ಏರಿತು. ಇದು ಮಾಮೂಲಲ್ಲ, ವ್ಯಾಗನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮತ್ತೆ ಮೊದಲಿಂದ ಹೇಳಿದೆ. ಅವರ ನಗು ಹೋಗಿ ಅನುಮಾನ ಬಂತು.

“ವ್ಯಾಗನ್ ಇಲ್ವಾ? ಸರಿ. ಸತ್ತೋರು ಯಾರು? ನಮ್ಮೋರಾ?”

“ಯಾರೆಂದು ಗೊತ್ತಿಲ್ಲ, ಸಾಹುಕಾರರೇ.”

“ನಮ್ಮೋರೋ, ನಮ್ಮೋರ್ನ ಕೊಂದೋರೋ, ಅದೂ ಗೊತ್ತಿಲ್ಲ. ಗೊತ್ತಿಲ್ದಿರೋರ್ಗೆ ನಾನ್ಯಾಕೆ ಬೇಲಿ ಆಕ್ಲಿ? ತಿಳ್ಕೊಂಡು ಬನ್ನಿ, ನೋಡಾನ.”

ಈ ಒಂದು ಪ್ರಶ್ನೆಯನ್ನು ಆ ಬೇಸಿಗೆಯಲ್ಲಿ ಹೋದ ಕಡೆಯೆಲ್ಲ ಕೇಳಿಸಿಕೊಂಡೆ. ಬಟ್ಟೆ ಅಂಗಡಿಯವರು ಸತ್ತವರ ಜಾತಿ ಕೇಳಿದರು. ಹುಣಿಸೆಹಣ್ಣಿನ ವ್ಯಾಪಾರಿ ಜಾತಿ, ದೇವರು ಎರಡನ್ನೂ ಕೇಳಿ, ಸುಗ್ಗಿ ಮುಗಿಯಲಿ ಎಂದರು. ಸುಗ್ಗಿ ಮುಗಿದ ಮೇಲೆ ಹೋದರೆ ಮಳೆ ಬರಲಿ ಎಂದರು. ಕ್ಯಾಸಂಬಳ್ಳಿ ಕಡೆಗೆ ಬಸ್ಸು ಓಡಿಸುತ್ತಿದ್ದವರೊಬ್ಬರು ನನ್ನ ಮಾತನ್ನು ಪೂರ್ತಿ ಕೇಳಿ, ಆ ಕಲ್ಲು ಒಡೆದು ರಸ್ತೆ ಮಾಡಿದರೆ ತಮ್ಮ ಟೈರಿಗೆ ಎಷ್ಟು ಅನುಕೂಲ ಎಂದು ನನಗೇ ತಿಳಿಸಿ ಹೇಳಿದರು. ಸ್ಟೇಷನ್ ಮುಂದಿನ ಹೋಟೆಲಿನವರು ಒಬ್ಬರೇ ಏನನ್ನೂ ಕೇಳದೆ ಕೂರಿಸಿ ಒಂದು ಲೋಟ ಕಾಫಿ ಕೊಟ್ಟರು. ಬೇಲಿಯ ಮಾತು ಎತ್ತಿದೊಡನೆ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದವರು ಹೊರಗೆ ಬರಲಿಲ್ಲ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಇರುತ್ತಿದ್ದಳು. ನನ್ನ ಮುಖ ನೋಡಿ, ಕೇಳದೆ, ಕಾಲಿಗೆ ನೀರು ಕೊಡುತ್ತಿದ್ದಳು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಪೇಟೆ ಮುಗಿದ ಮೇಲೆ ಚಿನ್ನದ ಗಣಿ ಕಡೆ ನೋಡೋಣವೆಂದು ಒಂದು ಭಾನುವಾರ ಮಾರಿಕುಪ್ಪಂ ರೈಲುಗಾಡಿ ಹತ್ತಿ ಊರಿಗಾಂನಲ್ಲಿ ಇಳಿದೆ. ಅಲ್ಲಿನ ಅಂಗಡಿಬೀದಿಯಲ್ಲಿ ಗೋಲಿ ಸೋಡಾ ಫ್ಯಾಕ್ಟರಿ ಇಟ್ಟಿದ್ದ ತಮಿಳರೊಬ್ಬರ ಸರಕು ನಮ್ಮ ಸ್ಟೇಷನ್ ಮೂಲಕ ಹೋಗುತ್ತಿತ್ತು. ಅವರು ನನ್ನ ಮಾತು ಅರ್ಧದಲ್ಲಿರುವಾಗಲೇ ಎದ್ದು ನಿಂತರು.

“ರೊಂಬ ಒಳ್ಳೇ ಕೆಲ್ಸ ಸಾರ್! ಎಷ್ಟು ಜನ ಸೇರ್ತಾರೆ?”

ಸತ್ತವರು ಯಾರೆಂದು ಕೇಳದೆಯೇ ಒಪ್ಪಿದ ಮೊದಲ ಮನುಷ್ಯ. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ನಾಲ್ಕೂರಿನ ಜನ, ಗಣಿ ಕೂಲಿಗಳ ಲೈನುಮನೆಗಳಿಂದಲೂ ಬರಬಹುದು ಎಂದೆ. ಬ್ಯಾಂಡು ನನ್ನದು, ಕುಸ್ತಿ ಪೈಲ್ವಾನರು ನನ್ನವರು, ಬೇಲಿಗೆ ತಂತಿಯೂ ನನ್ನದು ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಆನಾಲ್, ಆದ್ರೆ ಸಾರ್, ಬಿಸಿಲು ಚೆನ್ನಾಗಿರೋ ದಿನ ಇಡ್ಬೇಕು. ಬೇರೆ ಯಾರೂ ಸೋಡಾ ಮಾರ್ಬಾರ್ದು. ಅಪ್ಪುರಂ, ಆಮೇಲೆ ಯುದ್ಧ ಆಡಿ ತೋರಿಸ್ತೀವಿ ಅಲ್ಲ? ಗೆದ್ದ ರಾಜಾ ಕೊನೇಲಿ ದಣಿದು ಬತ್ತಾನೆ. ಬಂದು ನಮ್ಮ ಸೋಡಾ ಕುಡೀತಾನೆ.”

“ಯುದ್ಧ ಆಡಿ ತೋರಿಸುವ ಯೋಚನೆ ಇಲ್ಲ. ಗೆದ್ದದ್ದು ಯಾರೆಂದೇ ಗೊತ್ತಿಲ್ಲ.”

“ಯಾರು ಗೆದ್ದರೂ ಬಾಯಾರಿಕೆ ಆಗುತ್ತಲ್ಲ ಸಾರ್?” ಎಂದರು. ಒಪ್ಪಿಕೊಂಡು ಬಂದೆ.

ಸುದ್ದಿ ನನಗಿಂತ ಮುಂಚೆ ಬೌರಿಂಗ್‌ಪೇಟೆ ತಲುಪಿತ್ತು. ಮರುದಿನ ರಾಗಿ ಮಂಡಿಯ ಸಾಹುಕಾರರು ತಾವೇ ಗೂಡ್ಸ್ ಶೆಡ್ಡಿಗೆ ಬಂದರು.

“ಏನ್ ಸಾಮಿ, ಗಣಿಯಿಂದ ಬಂದು ಅವನ್ಯಾರೋ ನಮ್ಮ ಸೀಮೇಲಿ ಬೋರ್ಡು ಆಕೋದಾ? ನಾನು ಬದ್ಕಿಲ್ವಾ? ಬೇಲಿ ನಂದು. ಅವನ ತಂತಿ ವಾಪಸ್ ಕಳ್ಸಿ.”

“ಸತ್ತವರು ಯಾರೆಂದು ಇನ್ನೂ ತಿಳಿದಿಲ್ಲ,” ಎಂದು ಚುಚ್ಚಿದೆ.

“ಯಾರಾದ್ರೇನು? ನಮ್ಮ ನೆಲದಲ್ಲಿ ಸತ್ತವ್ರೆ. ನಮ್ಮೋರೇ.”

ಸೋಡಾದವರಿಗೆ ಈ ವಿಷಯ ತಿಳಿದು, ಹಾಗಾದರೆ ತಂತಿ ಅವರೇ ಕೊಡಲಿ, ಬ್ಯಾಂಡು ಮಾತ್ರ ನನ್ನದು ಎಂದರು. ಸಾಹುಕಾರರು ಬೇಲಿಯ ಕಂಬಕ್ಕೆ ಹೇಳಿದ್ದೇನೆ, ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಸತಾಯಿಸಿ, ಕೊನೆಗೆ, “ಮೊದ್ಲು ಕಲ್ಲಿಗೆ ಸುಣ್ಣ ಬಳಿಸ್ತೀನಿ, ಎದ್ದು ಕಾಣ್ಲಿ, ಬೇಲಿ ಆಮ್ಯಾಕೆ,” ಎಂದರು. ಗೊತ್ತು ಮಾಡಿದ ದಿನ ಹತ್ತಿರ ಬಂದಿತ್ತು. ಸುಣ್ಣಕ್ಕೇ ಒಪ್ಪಿಕೊಂಡೆ.

ಆ ದಿನ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಗಂಡಹೆಂಡಿರು ಹೊರಟೆವು. ದಿಣ್ಣೆ ದೂರದಿಂದಲೇ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿರವಾದಂತೆ ಬಿಳುಪಿನ ಮೇಲೆ ಕಪ್ಪು ಕಂಡಿತು. ಮುಂದಿನ ಸಾಲಿನ ಕಲ್ಲುಗಳ ಮೇಲೆ, ಕುದುರೆಯ ಹೊಟ್ಟೆಗೆ ಅಡ್ಡಲಾಗಿ, ಸ್ವರ್ಗದ ಹೆಂಗಸರ ಮುಖದ ಮೇಲೆ, ಡಾಂಬರಿನಲ್ಲಿ ಮಂಡಿ ಸಾಹುಕಾರರ ಹೆಸರು. ಕೆಳಗೆ ‘ರಾಗಿ ಮಂಡಿ, ಬೌರಿಂಗ್‌ಪೇಟೆ’.

ಗಾಡಿ ನಿಲ್ಲುವ ಮುಂಚೆಯೇ ಹೆಂಡತಿ ಧುಮುಕಿದಳು. ಯಾರದೋ ಮನೆಯಿಂದ ಸೀಮೆಎಣ್ಣೆ, ತೆಂಗಿನ ನಾರು ತಂದು ಒಂದು ಕಲ್ಲನ್ನು ಉಜ್ಜಲು ಕೂತಳು. ಡಾಂಬರು ಹೋಗಲಿಲ್ಲ, ಹರಡಿತು. ಕತ್ತಿ ಹಿಡಿದವನ ಮುಖವೆಲ್ಲ ಮಸಿಯಾಯಿತು. “ಬಿಡು, ಜನ ಬರುತ್ತಿದ್ದಾರೆ,” ಎಂದೆ. “ಬರ್ಲಿ. ನೋಡ್ಲಿ,” ಎಂದಳು. ಕಣ್ಣಲ್ಲಿ ನೀರಿತ್ತು, ಕೋಪದ್ದೋ ಸೀಮೆಎಣ್ಣೆಯದ್ದೋ ನಾನು ಕೇಳಲಿಲ್ಲ.

ಜನವೇನೋ ಬಂದರು, ನಾನೆಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಗಣಿಯ ಲೈನುಗಳಿಂದ ಗುಂಪುಗುಂಪಾಗಿ ಬಂದು ಕುಸ್ತಿಗೆ ಸೀಟಿ ಹೊಡೆದರು. ಬ್ಯಾಂಡಿನವರು ಮದುವೆಯ ಹಾಡುಗಳನ್ನೇ ನುಡಿಸಿದರು. ರಾಜನ ವೇಷದವನು ಎದುರಾಳಿಯನ್ನು ಕೆಡವಿ, ಕಿರೀಟ ತೆಗೆದು, ಗೋಲಿ ಒತ್ತಿ ಸೋಡಾ ಕುಡಿದು ತೇಗಿದಾಗ ದಿಣ್ಣೆಯೇ ನಡುಗುವ ಹಾಗೆ ನಕ್ಕರು. ಮಂಡಿ ಸಾಹುಕಾರರು ಭಾಷಣಕ್ಕೆ ನಿಂತು ತಮ್ಮ ತಂದೆ ಕಟ್ಟಿಸಿದ ಅರವಟ್ಟಿಗೆಯ ವಿಚಾರ ಹೇಳಿದರು. ಅಲ್ಲಿ ಬಿದ್ದವರ ಬಗ್ಗೆ ಒಬ್ಬರೂ ಒಂದು ಮಾತೂ ಆಡಲಿಲ್ಲ. ಆ ವರ್ಷದ ದೀಪವನ್ನು ಆ ದಿನಕ್ಕೇ ಉಳಿಸಿಕೊಂಡು ಬಂದ ಹೆಂಗಸರಿಗೆ ಕಲ್ಲಿನ ಬುಡ ಸಿಗಲಿಲ್ಲ. ಸೋಡಾ ಪೆಟ್ಟಿಗೆಗಳನ್ನು ಅಲ್ಲೇ ಒರಗಿಸಿದ್ದರು. ಹೆಂಡತಿ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕಿಟ್ಟು ಅವರಿಗೆ ಜಾಗ ಮಾಡಿಕೊಟ್ಟಳು. ಬೇಲಿಯ ಕಂಬ ಒಂದೂ ಬಂದಿರಲಿಲ್ಲ.

ಇನ್ನು ಈ ಜನ್ಮದಲ್ಲಿ ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಗಾಡಿಯಲ್ಲೇ ಹೇಳಿಬಿಟ್ಟೆ. ಅವಳು ಹ್ಞೂಂ ಎಂದಳು.

ಕೆಲವು ದಿನ ಕಳೆದ ಮೇಲೆ ಅವಳ ತಮ್ಮ ಸ್ಟೇಷನ್ನಿಗೆ ಓಡಿ ಬಂದ.

“ಬಾವ, ಕಂಟ್ರಾಕ್ಟ್ರು ಮತ್ತೆ ಬಂದ. ಇಂದ್ಗಡೆ ಸಾಲಲ್ಲಿ ಎರಡು ಕಲ್ಲು ಒಡ್ದಾಕ್ಬುಟ್ಟ. ಮುಂದಿನ ಸಾಲು ಮುಟ್ಟಿಲ್ಲ.”

“ಯಾಕಂತೆ?”

“ನಾನೂ ಅದನ್ನೇ ಕೇಳ್ದೆ. ‘ಸಾವ್ಕಾರ್ರ ಎಸರಿರೋ ಕಲ್ಲು ನಾನೆಂಗೆ ಒಡೀಲಿ? ನಾಳೆ ನನ್ ಕೂಲಿಯೋರ್ಗೆ ಸಾಲಕ್ಕೆ ರಾಗಿ ಯಾರು ಕೊಡ್ತಾರೆ?’ ಅಂದ.”

ಆ ಸಂಜೆ ಇದನ್ನು ಹೆಂಡತಿಗೆ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಯಿತು.

“ನಾಳೆ ಓಗಿ,” ಎಂದಳು ಕೊನೆಗೆ. “ಉಳಿದಿರೋ ಎಲ್ಲಾ ಕಲ್ಲಿಗೂ ಅವರ ಎಸರು ಬರ್ಸಾಕೆ ಏಳಿ.”

ಹೋದೆ. ಸಾಹುಕಾರರು ನನ್ನನ್ನು ಬೇಕೆಂದೇ ಮಧ್ಯಾಹ್ನದವರೆಗೆ ಕಾಯಿಸಿದರು. “ನಿಮ್ಮನೆಯೋರು ಸೀಮೆಎಣ್ಣೆ ಆಕಿ ಉಜ್ಜಿದ್ರಂತಲ್ಲ? ಈಗ ಎಸರು ಬೇಕಾ?” ಎಂದು ಮಂಡಿಯ ಹಮಾಲರಿಗೆಲ್ಲ ಕೇಳುವ ಹಾಗೆ ಕೇಳಿದರು. ಬೇಕು ಎಂದೆ. ಅದನ್ನು ಎರಡು ಸಲ ಹೇಳಿಸಿದರು. ಬೇಲಿಯ ಬದಲು ಇದೇ ಆಯಿತಲ್ಲ, ಬೇಲಿಗಿಂತ ಇದೇ ಭದ್ರ ಎಂದು ಅಲ್ಲೇ ತೀರ್ಮಾನವನ್ನೂ ಕೊಟ್ಟರು. ಬರೆಯುವವನು ಮಾರನೆಯ ದಿನವೇ ಡಾಂಬರಿನ ಡಬ್ಬ ಹಿಡಿದು ಹೊರಟ. ಕಂಬ ಕಳಿಸಲು ಒಂದು ಬೇಸಿಗೆ ಸಾಲದವರಿಗೆ ಹೆಸರು ಬರೆಸಲು ಒಂದು ದಿನವೂ ಬೇಕಾಗಲಿಲ್ಲ.

ಅಷ್ಟಕ್ಕೇ ಮುಗಿಯಿತೆ? ಸೋಡಾದವರು ಗಾಡಿ ಹತ್ತಿ ನಮ್ಮ ಮನೆಗೇ ಬಂದರು. ಬ್ಯಾಂಡು ಕೊಟ್ಟವನು ನಾನು, ಒಂದು ಕಲ್ಲಿನ ಮೇಲೂ ನನ್ನ ಹೆಸರಿಲ್ಲ, ಇದು ನ್ಯಾಯವಾ ಸಾರ್ ಎಂದರು. ಇಬ್ಬರ ನಡುವೆ ಓಡಾಡಿ ನನ್ನ ಚಪ್ಪಲಿ ಸವೆಯಿತು. ಕುದುರೆ ಇರುವ ಕಲ್ಲೆಲ್ಲ ಮಂಡಿಗೆ, ಕತ್ತಿಯವು ಸೋಡಾಕ್ಕೆ ಎಂದು ಪಂಚಾಯಿತಿ ಮಾಡಿದೆ. ಕುದುರೆ, ಕತ್ತಿ ಎರಡೂ ಇದ್ದ ಒಂದು ಕಲ್ಲಿಗೆ ಇಬ್ಬರೂ ಹಟ ಹಿಡಿದರು. ಅದರ ಎರಡು ಮಗ್ಗುಲಿಗೂ ಬರೆದರು.

ಕಂಟ್ರಾಕ್ಟರು ಬೇರೆ ಗುಡ್ಡ ನೋಡಿಕೊಂಡ. ದಿಣ್ಣೆ ಉಳಿಯಿತು. ಹೆಂಡತಿ ವರ್ಷಾ ವರ್ಷ ಹೋಗಿ, ಆ ಅಕ್ಷರಗಳ ಕಡೆ ತಲೆಯೆತ್ತದೆ ದೀಪ ಇಟ್ಟು ಬರುತ್ತಿದ್ದಳು. ಸುಣ್ಣ ಎರಡು ಮಳೆಗಾಲಕ್ಕೆ ತೊಳೆದುಹೋಯಿತು, ಡಾಂಬರು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಒಂದು ವರ್ಷ ನಾನೂ ಜೊತೆಗಿದ್ದಾಗ, ಬೂದಿಕೋಟೆಗೆ ನಡೆದು ಹೋಗುತ್ತಿದ್ದ ಬೇರೆ ಊರಿನ ಹಿರಿಯರೊಬ್ಬರು ದೀಪ ಕಂಡು ಹತ್ತಿರ ಬಂದು ಚಪ್ಪಲಿ ಬಿಟ್ಟರು. ಅಕ್ಷರ ಬಲ್ಲವರು. ಕಲ್ಲಿನ ಮೇಲಿನ ಹೆಸರನ್ನು ನಿಧಾನವಾಗಿ ಓದಿ ಕೈ ಮುಗಿದರು.

“ಇವರೇನಮ್ಮ ಇಲ್ಲಿ ವೀರಸ್ವರ್ಗ ಸೇರಿದ ಮಾರಾಯರು?”

“ಇಲ್ಲ ಸಾಮಿ,” ಎಂದಳು ನನ್ನ ಹೆಂಡತಿ, ಬತ್ತಿ ಸರಿಮಾಡುತ್ತ. “ಅವರಿನ್ನೂ ಪೇಟೇಲಿ ರಾಗಿ ಮಾರ್ತಾವ್ರೆ.”