ಮುದ್ದೆ ಎಣಿಸಿ ಹಸಿವು ಅಳೆದ ಶಾಮಲಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಶಾಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಳೆತ್ತರದ ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಪಾತ್ರೆಯೊಳಗೆ ರಾಗಿ ಹಿಟ್ಟು ತೊಳಸುತ್ತಿದ್ದಾರೆ. ಪಾತ್ರೆ ಎಷ್ಟು ದೊಡ್ಡದೆಂದರೆ ಅದರ ಬಾಯಿಗೆ ಕೈ ಎಟುಕಬೇಕಾದರೆ ಕಲ್ಲಿನ ಮೆಟ್ಟಿಲು ಹತ್ತಿ ನಿಲ್ಲಬೇಕು. ರಾತ್ರಿ ಪಾಳಿಯವರು ಆರಕ್ಕೆ ಹೊರಬಂದು, ಬಿಸಿ ಮುದ್ದೆ ಉಂಡು ಕಂಪನಿ ಬಸ್ಸು ಹತ್ತುತ್ತಾರೆ. ಅಷ್ಟರೊಳಗೆ ನೂರೈವತ್ತು ಮುದ್ದೆ ಸಿದ್ಧವಾಗಬೇಕು, ಮಧ್ಯಾಹ್ನಕ್ಕೆ ಮತ್ತೆ ಇನ್ನೂರೈವತ್ತು.

"ಗಂಟು ಬಿದ್ರೆ ಮುದ್ದೆ ಕೆಡಲ್ಲ, ನನ್ ಮರ್ವಾದೆ ಕೆಡುತ್ತೆ" ಎನ್ನುತ್ತಾರೆ ಶಾಮಲಮ್ಮ, ಕೋಲು ನಿಲ್ಲಿಸದೆ.

ಹಿಟ್ಟು ಬೆಂದ ಮೇಲೆ ಮರದ ಹಲಗೆಯ ಸುತ್ತ ಎಂಟು ಹೆಂಗಸರು ಕೂತು ಕೈಗೆ ನೀರು ಸವರಿಕೊಂಡು ಮುದ್ದೆ ಕಟ್ಟುತ್ತಾರೆ. ಇಪ್ಪತ್ತು ಮುದ್ದೆ ಹಲಗೆ ದಾಟಿತೆಂದರೆ ಶಾಮಲಮ್ಮ ಪಕ್ಕದ ಡಬ್ಬಿಗೆ ಒಂದು ಹುಣಸೆ ಬೀಜ ಹಾಕುತ್ತಾರೆ. ಹನ್ನೊಂದು ವರ್ಷದಿಂದ ಲೆಕ್ಕ ಹೀಗೇ ನಡೆದಿದೆ. ಮೇಲಿನವರು ಕಂಪ್ಯೂಟರಿನಲ್ಲಿ ಏನು ಬರೆದುಕೊಳ್ಳುತ್ತಾರೋ ಅವರಿಗೆ ಬೇಕಿಲ್ಲ. ನಾನೂರು ಹೊಟ್ಟೆಗಳ ಸಮಾಚಾರ ಆ ಬೀಜಗಳಲ್ಲಿದೆ. ಆ ಕಾರ್ಖಾನೆಯ ಜನರ ಮೈ ಹಗುರ ಮಾಡಿದ್ದೂ ಅವೇ ಬೀಜಗಳು ಎಂದರೆ ನೀವು ನಗಬಹುದು. ಮ್ಯಾನೇಜರ್ ಅನಿಲ್‌ಕುಮಾರ್ ಕೂಡ ಮೊದಲು ನಕ್ಕಿದ್ದರು.

ಶಾಮಲಮ್ಮನವರಿಗೆ ಈಗ ಐವತ್ತೊಂದು. ತವರು ಮಾಸ್ತಿ ಕಡೆ, ಓದಿದ್ದು ಐದನೇ ಕ್ಲಾಸು. ಗಂಡ ಪೆದ್ದಪ್ಪ ಸೊಪ್ಪು ಬೆಳೆಯುತ್ತಾರೆ. ದಿನಾ ನಸುಕಿನಲ್ಲಿ ಹೆಂಡತಿಯನ್ನೂ ಸೊಪ್ಪಿನ ಕಂತೆಗಳನ್ನೂ ಒಂದೇ ಮೊಪೆಡ್ಡಿನಲ್ಲಿ ಹೇರಿಕೊಂಡು ಬಂದು ಕಾರ್ಖಾನೆ ಗೇಟಿನಲ್ಲಿ ಇಳಿಸುತ್ತಾರೆ. ಮೂರು ವರ್ಷದ ಹಿಂದೆ ಮಾತ್ರ ಎರಡು ಸಲ ಓಡಾಡಬೇಕಾಗುತ್ತಿತ್ತು. ಆಗ ಶಾಮಲಮ್ಮ ಎಂಬತ್ನಾಲ್ಕು ಕೆಜಿ. ಮಂಡಿ ನೋವಿಗೆ ಆ ಕಲ್ಲಿನ ಮೆಟ್ಟಿಲು ಹತ್ತಲು ಇಬ್ಬರ ಭುಜ ಬೇಕಾಗುತ್ತಿತ್ತು.

ಆ ವರ್ಷವೇ ಕಂಪನಿಯವರು ನೌಕರರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದರು. ನಾನೂರರಲ್ಲಿ ನೂರ ಹನ್ನೆರಡು ಜನರ ತೂಕ ಮಿತಿ ಮೀರಿತ್ತು. ಮಾರನೆಯ ವಾರವೇ ಅಪ್ಪಣೆ ಹೊರಟಿತು: ಕ್ಯಾಂಟೀನಿಗೆ ಎಣ್ಣೆ ಬಂದ್. ಒಗ್ಗರಣೆ ಇಲ್ಲ, ಚಟ್ನಿ ಪುಡಿ ಇಲ್ಲ, ಕಡ್ಲೆಕಾಯಿ ಬೀಜ ಇಲ್ಲ, ಮೊಸರಿನ ಕೆನೆಯನ್ನೂ ತೆಗೆದರು. "ಎಣ್ಣೆ ಇಲ್ಲದ ಊಟ, ಆರೋಗ್ಯದ ಊಟ" ಎಂಬ ಬೋರ್ಡು ಬಂತು. ಶಾಮಲಮ್ಮ ಮನೆಯಲ್ಲೂ ಎಣ್ಣೆ ನಿಲ್ಲಿಸಿದರು. ಮೊದಲ ತಿಂಗಳು ಎಲ್ಲರ ತೂಕವೂ ಒಂದೆರಡು ಕೆಜಿ ಇಳಿಯಿತು. ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ಹೊಡೆದವರಿಗೆ ಕಾಣದ್ದು ಹುಣಸೆ ಬೀಜದ ಡಬ್ಬಿಯಲ್ಲಿ ಕಾಣತೊಡಗಿತ್ತು. ಮೊದಲು ದಿನಕ್ಕೆ ಇಪ್ಪತ್ತೊಂದು ಬೀಜ ಬೀಳುತ್ತಿದ್ದ ಡಬ್ಬಿಗೆ ಎರಡನೆಯ ತಿಂಗಳು ಇಪ್ಪತ್ತಾರು, ನಾಲ್ಕನೆಯ ತಿಂಗಳು ಮೂವತ್ತೆರಡು. ನಾನೂರು ಜನಕ್ಕೆ ಆರುನೂರ ನಲವತ್ತು ಮುದ್ದೆ. ಎಣ್ಣೆ ಕಾಣದ ಸಾರಿನಲ್ಲಿ ನುಂಗಿದ ಮುದ್ದೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಳಬಾಗಿಲು ಕಡೆಯ ಮುನೇಶ್ ಎಂಬ ವೆಲ್ಡರು, ಒಂದರಲ್ಲೇ ಏಳುತ್ತಿದ್ದವನು, ತಟ್ಟೆ ಚಾಚಿ "ಇಂಕೊಕಟಿ ಅಕ್ಕಾ" ಎಂದು ತೆಲುಗಿನಲ್ಲಿ ಇನ್ನೊಂದು ಕೇಳತೊಡಗಿದ. ಸಂಜೆ ನಾಲ್ಕಕ್ಕೆ ಗೇಟಿನ ಹೊರಗಿನ ಅಂಗಡಿಯಲ್ಲಿ ಬನ್ನು, ಬೋಂಡ. ಸುಟ್ಟು ಕರಕಲಾದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಬೋಂಡ. ಆರು ತಿಂಗಳಿಗೆ ತೂಕ ಮೊದಲಿನದನ್ನೂ ದಾಟಿತು. ಶಾಮಲಮ್ಮ ಎಂಬತ್ತೇಳಾದರು.

"ನಾನೇ ಮೂರು ಮುದ್ದೆ ತಿಂತಿದ್ದೆ ಸ್ವಾಮಿ. ತಿಂದು ಎದ್ದು ಕೈ ತೊಳ್ಯೋದ್ರೊಳಗೆ ಹಸಿವು. ಬುದ್ಧಿ ಇರ್ಲಿಲ್ಲ ಅಂತಲ್ಲ, ಹೊಟ್ಟೆ ಬುದ್ಧಿ ಮಾತು ಕೇಳ್ತಿರ್ಲಿಲ್ಲ."

ಮೇಲಿನವರು ತಪ್ಪನ್ನು ಹುಡುಕಿದರು, ಆದರೆ ಸಿಕ್ಕಿದ್ದು ಮುದ್ದೆ. ಜನ ಮುದ್ದೆ ಹೆಚ್ಚು ತಿನ್ನುತ್ತಿದ್ದಾರೆ, ಅದಕ್ಕೇ ದಪ್ಪಗಾಗುತ್ತಿದ್ದಾರೆ, ಮುದ್ದೆಯನ್ನೇ ನಿಲ್ಲಿಸಿ ಹೊರಗಿನಿಂದ ಊಟದ ಡಬ್ಬಿ ತರಿಸೋಣ ಎಂಬ ಮಾತು ಎದ್ದಿತು. ಮುದ್ದೆ ನಿಂತರೆ ಹಲಗೆ ಸುತ್ತ ಕೂರುವ ಎಂಟೂ ಹೆಂಗಸರು ಮನೆಗೆ. ಶಾಮಲಮ್ಮನಿಗೆ ಅಂದು ಊಟ ಸೇರಲಿಲ್ಲ. ಮಾರನೆಯ ದಿನ ಸೆರಗಿನಲ್ಲಿ ಬೀಜ ಕಟ್ಟಿಕೊಂಡು, ಅಲ್ಲಿಯವರೆಗೆ ಒಮ್ಮೆಯೂ ಹತ್ತದ ಆಫೀಸಿನ ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಹತ್ತಿದರು. ಅನಿಲ್‌ಕುಮಾರರ ಮೇಜಿನ ಮೇಲೆ ಎರಡು ಗುಪ್ಪೆ ಇಟ್ಟರು.

"ಇದು ಎಣ್ಣೆ ಇದ್ದಾಗ, ಇಪ್ಪತ್ತೊಂದು. ಇದು ಎಣ್ಣೆ ಬಿಟ್ಮೇಲೆ, ಮೂವತ್ತೆರಡು. ಜನ ಆಸೆಗೆ ತಿಂತಿಲ್ಲ ಸಾರ್. ಸಾರಲ್ಲಿ ಜಿಡ್ಡಿಲ್ಲ, ಅದ್ಕೇ ಹೊಟ್ಟೆ ನಿಲ್ತಿಲ್ಲ. ಮೂರು ತಿಂಗ್ಳು ಕೊಡಿ. ಇಳೀಲಿಲ್ಲ ಅಂದ್ರೆ ನೀವು ಕಳ್ಸೋದು ಬ್ಯಾಡ, ನಾವೇ ಹೋಗ್ತೀವಿ."

ಮ್ಯಾನೇಜರು ನಕ್ಕರು. ಪಕ್ಕದಲ್ಲಿದ್ದ ಕಂಪನಿಯ ನರ್ಸ್ ಶ್ವೇತ ನಗಲಿಲ್ಲ. ಬೀಜಗಳನ್ನು ಎರಡು ಸಲ ಎಣಿಸಿದರು. "ಸಾರ್, ಇವ್ರು ಹೇಳೋದ್ರಲ್ಲಿ ಅರ್ಥ ಇದೆ, ಒಂದು ಸಲ ನೋಡೋಣ" ಎಂದರು. ಮೂರು ತಿಂಗಳು ಸಿಕ್ಕಿತು.

ಮುಳಬಾಗಿಲಿನಲ್ಲಿ ಮರದ ಗಾಣ ನಡೆಸುವ ರಹಮತ್ತುಲ್ಲಾ ಅವರಿಂದ ಕಡ್ಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ ಬಂದವು. ಘಮಘಮ ಒಗ್ಗರಣೆ ಬಿತ್ತು. ತಟ್ಟೆಗೊಂದು ಚಮಚ ಹುಚ್ಚೆಳ್ಳು ಪುಡಿ, ಸಂಜೆ ಬನ್ನಿನ ಬದಲು ಹಿಡಿಯಷ್ಟು ಬೇಯಿಸಿದ ಕಡ್ಲೆಕಾಯಿ. ಕರಿಯುವುದು ಮಾತ್ರ ಮತ್ತೆ ಶುರುವಾಗಲಿಲ್ಲ. ಬೀಜ ಮೂವತ್ತೆರಡರಿಂದ ಇಪ್ಪತ್ನಾಲ್ಕಕ್ಕೆ ಇಳಿಯಿತು. ಶಾಮಲಮ್ಮ ಗೆದ್ದೆ ಎಂದುಕೊಂಡರು. ತಿಂಗಳ ಕೊನೆಗೆ ಶ್ವೇತ ನೂರ ಹನ್ನೆರಡು ಜನರನ್ನೂ ತೂಗಿದರೆ, ಮುಕ್ಕಾಲು ಪಾಲು ಜನ ಮತ್ತೊಂದು ಕೆಜಿ ಏರಿದ್ದರು.

ಏನಾಗಿತ್ತೆಂದು ಶಾಮಲಮ್ಮ ಮುಚ್ಚಿಡುವುದಿಲ್ಲ. ಆರು ತಿಂಗಳು ಎಣ್ಣೆ ಕಾಣದ ಕೈ ಅದು. ಒಳ್ಳೆಯ ಎಣ್ಣೆ ತಾನೆ ಎಂದು ಸೌಟು ಸೌಟು ಸುರಿದಿತ್ತು. ಮೇಲೆ ತೇಲುವಷ್ಟು ಜಿಡ್ಡು ಹಾಕಿದರೇ ನೆಂಟರಿಗೆ ಮರ್ಯಾದೆ ಎಂದು ನಂಬಿದ ಸೀಮೆಯ ಕೈ ಬೇರೆ. ಎಣ್ಣೆ ಕ್ಯಾನು ಇಳಿಸಲು ಬಂದ ರಹಮತ್ತುಲ್ಲಾ ಸಾರಿನ ಪಾತ್ರೆ ನೋಡಿ ಹಣೆ ಚಚ್ಚಿಕೊಂಡರು.

"ಏನಕ್ಕಾ ಇದು? ನನ್ ಎಣ್ಣೆ ದವಾ ಇದ್ದಂಗೆ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ತೀಯ. ದವಾನ ಚೊಂಬಲ್ಲಿ ಕುಡೀತಾರಾ? ನಂಗೆ ಯಾಪಾರ ಆಗುತ್ತೆ, ನಿಂಗೆ ಕೆಲ್ಸ ಹೋಗುತ್ತೆ."

ಮಾತು ನಾಟಿತು. ಅಂದು ಸಂಜೆ ಶಾಮಲಮ್ಮ ಮನೆಯ ಅಟ್ಟ ಹುಡುಕಿ, ತಮ್ಮ ಮಕ್ಕಳಿಗೆ ಹಾಲು ಕುಡಿಸುತ್ತಿದ್ದ ಹಳೆಯ ಒಳಲೆಯನ್ನು ತೆಗೆದರು. ತುಂಬಿದರೆ ಎರಡು ಚಮಚ ಹಿಡಿಯುವ ಪುಟ್ಟ ಬೆಳ್ಳಿ ಒಳಲೆ. ಒಬ್ಬರ ಊಟಕ್ಕೆ ಒಂದು ಒಳಲೆ ಎಣ್ಣೆ, ಅಷ್ಟೇ. ಮರುದಿನ ಕ್ಯಾಂಟೀನಿನಲ್ಲಿ ಕೂತು ನಾನೂರು ಒಳಲೆ ಒಂದೊಂದಾಗಿ ಅಳೆದು ಖಾಲಿ ಕ್ಯಾನಿಗೆ ಸುರಿದು, ಎಣ್ಣೆ ಮುಟ್ಟಿದ ಜಾಗಕ್ಕೆ ಮೊಳೆಯಲ್ಲಿ ಗೀಟು ಎಳೆದರು. ಅಳೆಯಲು ಒಂದೂವರೆ ಗಂಟೆ ಹಿಡಿಯಿತು. ಅಲ್ಲಿಂದ ಇಲ್ಲಿಯವರೆಗೆ ಕ್ಯಾಂಟೀನಿನ ಎಣ್ಣೆ ಆ ಗೀಟು ದಾಟಿಲ್ಲ. ಮುದ್ದೆಯ ಗಾತ್ರ ಒಂದಿಷ್ಟು ಇಳಿಯಿತು, ಸೊಪ್ಪು ಎರಡರಷ್ಟಾಯಿತು. ಪೆದ್ದಪ್ಪನ ಮೊಪೆಡ್ಡಿಗೆ ಕೆಲಸ ಹೆಚ್ಚಿತು.

ಬೀಜ ಇಪ್ಪತ್ನಾಲ್ಕರಿಂದ ಇಪ್ಪತ್ತೆರಡು, ಆಮೇಲೆ ಇಪ್ಪತ್ತು. ಯಾರಿಗೂ ಕಡಿಮೆ ಉಣ್ಣಿ ಎಂದು ಹೇಳಲಿಲ್ಲ. ಒಂದು ಮಧ್ಯಾಹ್ನ ಶಾಮಲಮ್ಮ ತಾವಾಗಿಯೇ ಎರಡನೆಯ ಮುದ್ದೆ ಹಿಡಿದು ಹೋದಾಗ ಮುನೇಶ್ ತಟ್ಟೆಗೆ ಕೈ ಅಡ್ಡ ಹಿಡಿದ. "ಚಾಲಕ್ಕಾ, ಸಾಕು. ಹೊಟ್ಟೆ ತುಂಬೋಯ್ತು" ಎಂದ. ಆ ಮಾತು ಕೇಳಿ ಶಾಮಲಮ್ಮ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರಂತೆ. ಅಡುಗೆಯವರಿಗೆ ಇನ್ನೂ ಬೇಕು ಎಂಬ ಮಾತಿಗಿಂತ ಸಾಕು ಎಂಬ ಮಾತು ಸಿಹಿಯಾದದ್ದು ಅದೇ ಮೊದಲಿರಬೇಕು.

ಮೂರು ತಿಂಗಳ ಕೊನೆಯ ತೂಕದ ದಿನ ಅಡುಗೆಮನೆಯಲ್ಲಿ ಯಾರ ಕೈಯೂ ಓಡಲಿಲ್ಲ. ಶ್ವೇತ ಪಟ್ಟಿ ಹಿಡಿದು ಓಡಿಯೇ ಬಂದರು. ನೂರ ಹನ್ನೆರಡರಲ್ಲಿ ಎಪ್ಪತ್ತೊಂದು ಜನ ಇಳಿದಿದ್ದರು. ಕೆಲವರು ಎರಡು ಕೆಜಿ, ಕೆಲವರು ನಾಲ್ಕು. ಮುದ್ದೆ ಉಳಿಯಿತು, ಎಂಟು ಹೆಂಗಸರೂ ಉಳಿದರು. ಬೋರ್ಡು ಕೆಳಗಿಳಿಯಿತು. ಅದಕ್ಕಿಂತ ದೊಡ್ಡ ಮಾತು ಮುಂದಿನದು: ಎರಡು ವರ್ಷ ಕಳೆದರೂ ಆ ಎಪ್ಪತ್ತೊಂದರಲ್ಲಿ ಅರವತ್ತಮೂರು ಜನ ಮತ್ತೆ ಏರಿಲ್ಲ. ತೂಕ ಇಳಿಸುವ ಗಂಡಾಂತರದ ಉಪಾಯಗಳು ಬೀದಿಗೊಂದು ಸಿಗುತ್ತವೆ. ಇಳಿದದ್ದನ್ನು ನಿಲ್ಲಿಸುವವರು ಅಪರೂಪ.

"ಒಳ್ಳೆ ಜಿಡ್ಡು ಸ್ವಲ್ಪ ಇದ್ರೆ ಊಟ ಹೊಟ್ಟೇಲಿ ನಿಧಾನಕ್ಕೆ ಕರಗುತ್ತೆ, ಹಸಿವು ಬೇಗ ಬರಲ್ಲ" ಎಂದು ಶ್ವೇತ ವಿವರಿಸುತ್ತಾರೆ. "ಸೊಪ್ಪಿನ ಸತ್ವ ಮೈಗೆ ಹತ್ತೋಕೂ ಜಿಡ್ಡು ಬೇಕು. ಮೈನ ಉಪವಾಸ ಕೆಡವಿದ್ರೆ ಅದು ತನ್ನ ಖರ್ಚನ್ನೇ ಕಡಿಮೆ ಮಾಡ್ಕೊಂಡು ಕೂತ್ಕೊಳ್ಳುತ್ತೆ. ಮೆಟಬಾಲಿಸಂ ಅಂತ ನಾನು ಪುಸ್ತಕದಲ್ಲಿ ಓದಿದ್ದು ಇದನ್ನೇ. ಅವ್ರು ಹುಣಸೆ ಬೀಜದಲ್ಲಿ ಹಿಡಿದ್ರು."

ಈಗ ಮಾಲೂರಿನ ಎರಡು ಕಾರ್ಖಾನೆಗಳಿಂದ, ಶ್ರೀನಿವಾಸಪುರದ ಒಂದು ಹಾಸ್ಟೆಲಿನಿಂದ ಅಡುಗೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಅನಿಲ್‌ಕುಮಾರ್ ಈಗ ತಮ್ಮ ಮನೆಯ ಡಬ್ಬಿ ತರುವುದು ಬಿಟ್ಟು ಸಾಲಿನಲ್ಲಿ ನಿಂತು ಮುದ್ದೆ ಉಣ್ಣುತ್ತಾರೆ. ಶಾಮಲಮ್ಮನಿಗೆ ಮೇಲ್ವಿಚಾರಕಿಯ ಕುರ್ಚಿ ಕೊಡುತ್ತೇವೆ ಎಂದೂ ಕೇಳಿದರು. ಅವರು ಒಪ್ಪಲಿಲ್ಲ.

"ಕುರ್ಚಿ ಮೇಲೆ ಕೂತ್ರೆ ಯಾರಿಗೆ ಎಷ್ಟು ಹಸಿವು ಅಂತ ಹೆಂಗೆ ಗೊತ್ತಾಗ್ತದೆ? ಕೋಲು ಹಿಡಿದ ಕೈಗೆ ಗೊತ್ತಾಗ್ತದೆ."

ಹಾಗಾದರೆ ಏನು ಬೇಕು ಎಂದರೆ ಮೊದಲು ಏನೂ ಬೇಡ ಎನ್ನುತ್ತಾರೆ. ಆಮೇಲೆ ನಿಧಾನಕ್ಕೆ ಮಾತು ಹೊರಬರುತ್ತದೆ. ಅಡುಗೆಮನೆಯವರು ಗುತ್ತಿಗೆಯವರು, ಕಂಪನಿಯ ತಪಾಸಣೆ ಅವರಿಗಿಲ್ಲ. ಎಂಬತ್ತೇಳರಿಂದ ಅರವತ್ತೊಂಬತ್ತಕ್ಕೆ ಇಳಿದ ಶಾಮಲಮ್ಮನ ತೂಕ ಇವತ್ತಿಗೂ ಯಾವ ಕಾಗದದಲ್ಲೂ ಇಲ್ಲ. ಉಗ್ರಾಣದಲ್ಲಿ ರಾಗಿ ಮೂಟೆ ತೂಗುವ ಯಂತ್ರದ ಮೇಲೆ, ಮೂಟೆ ಇಳಿಸಿದ ಮೇಲೆ, ಅವರೂ ಮುದ್ದೆ ಕಟ್ಟುವ ಎಂಟು ಹೆಂಗಸರೂ ಒಬ್ಬರಾದ ಮೇಲೊಬ್ಬರು ಹತ್ತಿ ಇಳಿದು ನೋಡಿಕೊಂಡದ್ದು ಅಷ್ಟೇ. ಆ ಎಂಟೂ ಜನರ ತೂಕ ಇಳಿದಿದೆ.

"ಬರೋ ಸಲಿ ನರ್ಸಮ್ಮನ ಮಿಷನ್ ಮೇಲೆ ನಮ್ಮನ್ನೂ ನಿಲ್ಲಿಸ್ಲಿ" ಎನ್ನುತ್ತಾರೆ ಶಾಮಲಮ್ಮ, ಯಾರ ಭುಜವೂ ಹಿಡಿಯದೆ ಮೆಟ್ಟಿಲು ಹತ್ತಿ. "ಅವ್ರು ಇಳಿದಿದ್ದು ನಮ್ ಕೈ ಊಟದಿಂದ. ನಾವು ಎಷ್ಟು ಇಳಿದ್ವಿ ಅಂತ ಅವ್ರೂ ಒಂದು ಸಲಿ ಬರ್ಕೊಳ್ಲಿ."